ಕೊಂಕಣ ಸುತ್ತಿ ಜಯನಗರಕ್ಕೆ

ಬಸವನಗುಡಿಯ ಹ್ಯಾಮ್ (ಲೈಸೆನ್ಸ್ ಪಡೆದ ರೇಡಿಯೊ ಹವ್ಯಾಸಿ) ಒಬ್ಬರು ಜಯನಗರದ ಹ್ಯಾಮ್ ಒಬ್ಬರೊಡನೆ ರೇಡಿಯೊದಲ್ಲಿ ಮಾತನಾಡಲು ಈಗ ಅನುಸರಿಸುತ್ತಿರುವ ವಿಧಾನವನ್ನು ಇದ್ದದ್ದು ಇದ್ದಂತೆ ದಾಖಲಿಸಿಡುವುದು ಒಳ್ಳೆಯದು, ಏಕೆಂದರೆ ಮುಂದಿನವರು ಇದನ್ನು ನಂಬಲಾರರು. ಮೊದಲನೆಯವರು ಕೈಯಲ್ಲಿರುವ ಹ್ಯಾಂಡಿ ಎಂಬ ಪುಟ್ಟ ರೇಡಿಯೊ ಸೆಟ್ಟಿನ ಮಾತಿನ ಗುಂಡಿಯನ್ನು (ಪಿಟಿಟಿ) ಒತ್ತಿ, "ಕೇಳಿಸ್ತಿದೆಯಾ ಸಾರ್?" ಎನ್ನುತ್ತಾರೆ. ಆ ಎರಡು ಪದಗಳನ್ನು ಸೆಟ್ಟಿನೊಳಗಿನ ಚಿಪ್ ಒಂದು ಅಂಕಿಗಳಾಗಿ ಹಿಂಡಿ ಗಾಳಿಗೆ ಬಿಡುತ್ತದೆ. ಅವು ಅದೇ ಮೇಜಿನ ಮೇಲೆ, ಒಂದೂವರೆ ಅಡಿ ಆಚೆ, ಕಾಫಿ ಲೋಟದ ಪಕ್ಕದಲ್ಲಿ ಕುಳಿತಿರುವ ಹಾಟ್‌ಸ್ಪಾಟ್ ಎಂಬ ಪುಟ್ಟ ಪೆಟ್ಟಿಗೆಯನ್ನು ತಲುಪುತ್ತವೆ. ರೇಡಿಯೊದ ಕೆಲಸ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ಮಾತು ವೈಫೈ ಹಿಡಿದು ರೂಟರ್‌ಗೆ, ರೂಟರ್‌ನಿಂದ ಕಂಬದಿಂದ ಕಂಬಕ್ಕೆ ಜೋತುಬಿದ್ದಿರುವ ಫೈಬರ್ ಕೇಬಲ್ಲಿಗೆ, ಅದರ ಮೂಲಕ ಯಾವುದೋ ಸರ್ವರ್‌ಗೆ ಹೋಗಿ, ಅಲ್ಲಿ ಗುರುತುಪತ್ರ ತೋರಿಸಿ, ಬಂದ ದಾರಿಯಂಥದೇ ಇನ್ನೊಂದು ದಾರಿಯಲ್ಲಿ ಜಯನಗರದ ರೂಟರ್‌ಗೆ ಇಳಿದು, ಅಲ್ಲಿನ ಹಾಟ್‌ಸ್ಪಾಟ್‌ನಿಂದ ಮತ್ತೆ ಒಂದೂವರೆ ಅಡಿ ಗಾಳಿಯಲ್ಲಿ ಹಾರಿ ಎರಡನೆಯವರ ಹ್ಯಾಂಡಿಯೊಳಗೆ ಬೀಳುತ್ತದೆ. ನೆಟ್ಟಗೆ ಹೊರಟಿದ್ದರೆ ಸೌತ್ ಎಂಡ್ ಸರ್ಕಲ್ ದಾಟಿದರೆ ಸಾಕಿತ್ತು. ಆ ದೂರಕ್ಕೆ ಕೈಯಲ್ಲಿರುವ ಸೆಟ್ಟಿನ 5 ವ್ಯಾಟ್ ಧಾರಾಳ. ಆದರೆ ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದರಲ್ಲಿರುವ ಗಾಂಭೀರ್ಯ ನೆಟ್ಟಗಿನ ದಾರಿಯಲ್ಲಿ ಎಲ್ಲಿಂದ ಬರಬೇಕು?

ಇದಕ್ಕೆ ಡಿಜಿಟಲ್ ಹವ್ಯಾಸಿ ರೇಡಿಯೊ ಎಂದು ಹೆಸರು. ಹಿಂದಿನವರಿಗೆ ಈ ಭಾಗ್ಯವಿರಲಿಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಒಂದನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡು 'ಆಕಾಶವಾಣಿ'ಯನ್ನು ಆರಂಭಿಸಿದಾಗ, ಪಾಪ, ಅವರು ಯಾವ ಸರ್ವರ್‌ನಲ್ಲೂ ನೋಂದಾಯಿಸಿಕೊಂಡಿರಲಿಲ್ಲ. ನೇರವಾಗಿ ಊರಿಗೆ ಕೇಳಿಸಿಬಿಟ್ಟರು.

ಇಂದಿನ ಅಭ್ಯರ್ಥಿ ಹಾಗೆ ಒಮ್ಮೆಲೇ ಕೇಳಿಸುವಂತಿಲ್ಲ. ಅವನು ಮೊದಲು ಕೇಂದ್ರ ಸರ್ಕಾರದ ಪರೀಕ್ಷೆಗೆ ಕುಳಿತು, ಓಮ್‌ನ ನಿಯಮ, ಆಂಟೆನಾದ ಉದ್ದ, ರೇಡಿಯೊ ಅಲೆಗಳನ್ನು ಮೇಲಿನಿಂದ ಭೂಮಿಗೆ ಮರಳಿಸುವ ಅಯಾನುಗೋಳದ ಪದರಗಳನ್ನು ಬಾಯಿಪಾಠ ಮಾಡಿ, ಜನರಲ್ ದರ್ಜೆ ಬೇಕಿದ್ದರೆ ಮೋರ್ಸ್ ಸಂಕೇತವನ್ನೂ ಕಲಿತು, ಕಾಲ್‌ಸೈನ್ ಎಂಬ ಸರ್ಕಾರಿ ಗುರುತು ಬರುವ ದಿನಕ್ಕಾಗಿ ಕಾಯುತ್ತಾನೆ. ಕಾಲ್‌ಸೈನ್ ಬಂದ ದಿನವೇ ಅವನಿಗೆ ತಿಳಿಯುತ್ತದೆ: ಕಲಿತದ್ದರಲ್ಲಿ ಯಾವುದೂ ಈ ಪೆಟ್ಟಿಗೆಗೆ ಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಡಿಎಂಆರ್ ಎಂಬ ಡಿಜಿಟಲ್ ಪದ್ಧತಿಯ ಏಳು ಅಂಕಿಗಳ ಸಂಖ್ಯೆ. ಸರ್ಕಾರ ಕೊಟ್ಟ ಗುರುತು ಸರ್ಕಾರಕ್ಕೆ ಸಾಕು, ಸರ್ವರ್‌ಗೆ ಸಾಲದು. ಆದ್ದರಿಂದ ಲೈಸೆನ್ಸಿನ ಪ್ರತಿಯನ್ನು ಇನ್ನೊಂದೆಡೆ ಅಪ್‌ಲೋಡ್ ಮಾಡಿ, 404ರಿಂದ ಆರಂಭವಾಗುವ ಆ ಸಂಖ್ಯೆಯನ್ನು ಪಡೆದು, ಬಳಿಕ ಜಾಲತಾಣದಲ್ಲಿ ಒಂದು ಪಾಸ್‌ವರ್ಡ್ ಹುಟ್ಟಿಸಿ, ಅದನ್ನು ಹಾಟ್‌ಸ್ಪಾಟ್‌ನ ಕಿವಿಯಲ್ಲಿ ಹೇಳಬೇಕು. ಇಷ್ಟಾದರೆ ಬ್ರಾಂಡ್‌ಮೈಸ್ಟರ್ ಎಂಬ ಜಾಲದ ಬಾಗಿಲು ಅರ್ಧ ತೆರೆದಂತೆ.

ಬಾಗಿಲುಗಳೂ ಒಂದಲ್ಲ. ಜಪಾನಿನ ಹ್ಯಾಮ್ ಸಂಘಟನೆ ರೂಪಿಸಿದ ಡಿ-ಸ್ಟಾರ್ ಒಂದು, 2005ರಲ್ಲಿ ಯುರೋಪಿನ ಮಾನಕ ಸಂಸ್ಥೆ ಹೊರತಂದ ಡಿಎಂಆರ್ ಒಂದು, 2013ರಲ್ಲಿ ಯಾಯೆಸು (Yaesu) ಕಂಪನಿ ತಂದ ಸಿಸ್ಟಂ ಫ್ಯೂಷನ್ ಒಂದು. ಇವು ಮೂರೂ ಮನುಷ್ಯನ ಧ್ವನಿಯನ್ನು ಅಂಕಿಗಳಾಗಿ ಕಳಿಸುತ್ತವೆ. ಒಂದರ ಅಂಕಿ ಇನ್ನೊಂದಕ್ಕೆ ತಿಳಿಯುವುದಿಲ್ಲ. ವಿದ್ಯಾರ್ಥಿ ಭವನದ ಒಂದೇ ಮೇಜಿನ ಸುತ್ತ ಮೂವರು ಹ್ಯಾಮ್‌ಗಳು ಮೂರು ಬಗೆಯ ಸೆಟ್ಟುಗಳನ್ನು ಒಂದೇ ತರಂಗಾಂತರಕ್ಕೆ ಹೊಂದಿಸಿಕೊಂಡು ಕುಳಿತರೂ ಒಬ್ಬರ ಮಾತು ಇನ್ನೊಬ್ಬರ ಸೆಟ್ಟಿನಲ್ಲಿ ಕೇಳಿಸದು. ದೋಸೆ ಬಂದಿದೆ ಎಂದು ತಿಳಿಸಬೇಕಾದರೆ ಸೆಟ್ಟನ್ನು ಕೆಳಗಿಟ್ಟು ಬಾಯಿಂದಲೇ ಹೇಳಬೇಕು. ಹಳೆಯ ಅನಲಾಗ್ ಎಫ್‌ಎಂ ಸೆಟ್ಟುಗಳಿಗೆ ಈ ಮಟ್ಟದ ಸ್ವಾಭಿಮಾನವಿರಲಿಲ್ಲ. ಯಾವ ಕಂಪನಿಯ ಸೆಟ್ಟಿನಿಂದ ಕೂಗಿದರೂ ಯಾವುದೋ ಕಂಪನಿಯ ಸೆಟ್ಟು ಓಗೊಡುತ್ತಿತ್ತು. ಮಾರುಕಟ್ಟೆಯ ದೃಷ್ಟಿಯಿಂದ ಅದು ದೊಡ್ಡ ಲೋಪವೇ ಸರಿ.

ಈಗ ಕೋಡ್‌ಪ್ಲಗ್‌ಗೆ ಬರೋಣ. ಕೋಡ್‌ಪ್ಲಗ್ ಎಂದರೆ ಸೆಟ್ಟು ಹೇಗೆ ನಡೆದುಕೊಳ್ಳಬೇಕೆಂದು ಕಂಪ್ಯೂಟರಿನಲ್ಲಿ ಬರೆದು ಕೇಬಲ್ ಮೂಲಕ ಅದರ ಹೊಟ್ಟೆಗೆ ಇಳಿಸುವ ಕಡತ. ಬೆಂಗಳೂರಿನವರಿಗೆ ಇದನ್ನು ವಿವರಿಸುವುದು ಸುಲಭ: ಅದು ಸೈಟಿನ ಖಾತೆ ಇದ್ದಂತೆ, ಎಲ್ಲ ಕಾಗದವೂ ಸರಿಯಿದ್ದು ಒಂದು ಅಂಕಿ ತಪ್ಪಿದ್ದರೆ ಕೆಲಸ ಆಗುವುದಿಲ್ಲ, ಮತ್ತು ಯಾವ ಅಂಕಿ ತಪ್ಪಿದೆಯೆಂದು ಹೇಳುವುದು ಯಾರ ಕರ್ತವ್ಯವೂ ಅಲ್ಲ. ಕಡತವನ್ನು ತೆರೆದರೆ ತರಂಗಾಂತರದ ಪಕ್ಕದಲ್ಲೇ ಕಲರ್ ಕೋಡ್ ಎಂಬ ಅಂಕಣವಿದೆ. ಅದರಲ್ಲಿ ಬಣ್ಣದ ಸುಳಿವಿಲ್ಲ, 0ಯಿಂದ 15ರವರೆಗಿನ ಒಂದು ಅಂಕಿ ಇರುತ್ತದೆ, ಅದು ಹಾಟ್‌ಸ್ಪಾಟ್‌ನ ಅಂಕಿಗೆ ತಾಳೆಯಾಗಬೇಕು. ಅದರ ಕೆಳಗೆ ಟೈಮ್‌ಸ್ಲಾಟ್. 12.5 ಕಿಲೋಹರ್ಟ್ಸ್ ಅಗಲದ ಒಂದೇ ಹಾದಿಯಲ್ಲಿ ಇಬ್ಬರು ಏಕಕಾಲಕ್ಕೆ ಮಾತನಾಡಲೆಂದು ಡಿಎಂಆರ್ ಕಾಲವನ್ನೇ 30 ಮಿಲಿಸೆಕೆಂಡಿನ ಚೂರುಗಳಾಗಿ ಹೆಚ್ಚಿ ಸರದಿಯಲ್ಲಿ ಹಂಚುತ್ತದೆ. ಸಾಮಾನ್ಯ ಹಾಟ್‌ಸ್ಪಾಟ್‌ಗೆ ಎರಡನೆಯ ಚೂರೇ ಬೇಕು, ಮೊದಲನೆಯದನ್ನು ಕೊಟ್ಟರೆ ಅದು ಮುಖ ತಿರುಗಿಸುತ್ತದೆ. ಅದಾದ ಮೇಲೆ ಕಾಂಟ್ಯಾಕ್ಟ್, ಟಾಕ್‌ಗ್ರೂಪ್ (ಹಲವರು ಸೇರಿ ಮಾತನಾಡುವ ಗುಂಪಿನ ಸಂಖ್ಯೆ), ರಿಸೀವ್ ಗ್ರೂಪ್ ಲಿಸ್ಟ್ (ಕೇಳಬೇಕಾದ ಗುಂಪುಗಳ ಪಟ್ಟಿ), ಝೋನ್ (ಚಾನೆಲ್ಲುಗಳ ಕಟ್ಟು). ಟಾಕ್‌ಗ್ರೂಪನ್ನು ಕಾಂಟ್ಯಾಕ್ಟ್ ಎಂದು ನಮೂದಿಸಿ, ಕಾಂಟ್ಯಾಕ್ಟನ್ನು ಚಾನೆಲ್ಲಿಗೆ ಕಟ್ಟಿ, ಚಾನೆಲ್ಲನ್ನು ಝೋನ್‌ಗೆ ಸೇರಿಸಬೇಕು. ಝೋನ್‌ಗೆ ಸೇರಿಸಲು ಮರೆತ ಚಾನೆಲ್ ಕಡತದಲ್ಲಿ ಜೀವಂತವಾಗಿದ್ದರೂ ಸೆಟ್ಟಿನಲ್ಲಿ ಕಾಣುವುದಿಲ್ಲ. ಗ್ರೂಪ್ ಲಿಸ್ಟಿಗೆ ಸೇರಿಸಲು ಮರೆತರೆ ಇನ್ನೂ ವಿಚಿತ್ರ: ನೀವು ಮಾತನಾಡಿದ್ದು ಲೋಕಕ್ಕೆ ಕೇಳಿಸುತ್ತದೆ, ಲೋಕ ಉತ್ತರಿಸಿದ್ದು ನಿಮಗೆ ಕೇಳಿಸುವುದಿಲ್ಲ. ಕೆಲವರಿಗೆ ಇದು ಒಗ್ಗಿಬಿಟ್ಟಿದೆ, ಅವರು ಸರಿಪಡಿಸುವ ಗೋಜಿಗೇ ಹೋಗಿಲ್ಲ.

ಇದನ್ನು ಬರೆಯುವ ತಂತ್ರಾಂಶದ ಬಗ್ಗೆಯೂ ನಾಲ್ಕು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅದು ಬಹುಪಾಲು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಕೇಬಲ್ ನೋಡಲು ಇಯರ್‌ಫೋನಿನ ವೈರಿನಂತಿದ್ದರೂ ಅದರ ಪ್ಲಗ್ಗಿನೊಳಗೆ ಒಂದು ಚಿಪ್ ಇರುತ್ತದೆ, ಆ ಚಿಪ್‌ಗೆ ಡ್ರೈವರ್ ಬೇಕು, ಡ್ರೈವರ್ ಹಾಕಿದ ಮೇಲೆ ಅದು ಯಾವ ಕಾಮ್ ಪೋರ್ಟಿನಲ್ಲಿ ಅವತರಿಸಿದೆಯೆಂದು ಹುಡುಕಬೇಕು. ಸೆಟ್ಟಿನ ಫರ್ಮ್‌ವೇರ್ ಒಂದು ಆವೃತ್ತಿ ಮುಂದೆ ಹೋಗಿದ್ದರೆ ತಂತ್ರಾಂಶ ಅದನ್ನು ಗುರುತಿಸಲು ನಿರಾಕರಿಸುತ್ತದೆ. ಎಸ್.ಪಿ. ರಸ್ತೆಯ ಇಕ್ಕಟ್ಟಿನ ಮಳಿಗೆಯೊಂದರಲ್ಲಿ ಈ ಕೇಬಲ್ ಕೇಳಿದಾಗ ನಡೆದ ಮಾತುಕತೆಯನ್ನು ಕೇಳಿದ್ದೇನೆ. "ಯಾವ್ ಮೊಬೈಲ್ ಸಾರ್?" ಎಂದ ಹುಡುಗ. ಮೊಬೈಲ್ ಅಲ್ಲಪ್ಪಾ, ರೇಡಿಯೊ ಸೆಟ್ಟು ಎಂದರು ಹಿರಿಯರು. ಹುಡುಗ ಒಂದು ಕ್ಷಣ ಅವರನ್ನೇ ನೋಡಿ, "ಮೊಬೈಲ್‌ಗೇ ಎಫ್‌ಎಂ ಬರುತ್ತಲ್ಲಾ ಸಾರ್," ಎಂದು ಸಮಾಧಾನ ಹೇಳಿ ಮುಂದಿನ ಗಿರಾಕಿಯತ್ತ ತಿರುಗಿದ. ಇಡೀ ವಿಷಯದ ಬಗ್ಗೆ ಈತನಕ ಬಂದಿರುವ ವಿಮರ್ಶೆಗಳಲ್ಲಿ ಅದು ಅತ್ಯಂತ ಸಂಕ್ಷಿಪ್ತವಾದದ್ದು.

ಹಾಟ್‌ಸ್ಪಾಟ್ ಎಂಬುದು ಹೆಚ್ಚೆಂದರೆ ರಾಸ್ಪ್‌ಬೆರಿ ಪೈ ಝೀರೊ ಎಂಬ ಪುಟ್ಟ ಕಂಪ್ಯೂಟರಿನ ತಲೆಯ ಮೇಲೆ ಕೂರಿಸಿದ ಸುಮಾರು 10 ಮಿಲಿವ್ಯಾಟ್ ಶಕ್ತಿಯ ರೇಡಿಯೊ ತಟ್ಟೆ. ಜೊನಾಥನ್ ನೇಯ್ಲರ್ ಎಂಬ ಬ್ರಿಟಿಷ್ ಹ್ಯಾಮ್ ಇದರ ಮೂಲ ತಂತ್ರಾಂಶ ಎಂಎಂಡಿವಿಎಂ ಅನ್ನು ಬರೆದು ಲೋಕಕ್ಕೆ ಉಚಿತವಾಗಿ ಕೊಟ್ಟರು. ಅವರ ಔದಾರ್ಯದ ಬಗ್ಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ಪೆಟ್ಟಿಗೆಯ ವೈಫೈ ಬಗ್ಗೆ. ಪೈ ಝೀರೊ 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಬಲ್ಲದು; ಮನೆಯ ರೂಟರನ್ನು ಮಗಳು ಕಚೇರಿಯ ಕೆಲಸಕ್ಕೆಂದು 5 ಗಿಗಾಹರ್ಟ್ಸ್‌ಗೆ ಏರಿಸಿರುತ್ತಾಳೆ. ಆಗ ಪೆಟ್ಟಿಗೆಯಿಂದ ನಖದಷ್ಟು ಮೆಮೊರಿ ಕಾರ್ಡನ್ನು ಕಿತ್ತು, ಲ್ಯಾಪ್‌ಟಾಪಿಗೆ ಚುಚ್ಚಿ, ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಒಂದು ಕಡತದಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಬರೆದು, ಮತ್ತೆ ಕಾರ್ಡನ್ನು ಸಿಕ್ಕಿಸಿ, ಕೆಂಪು ದೀಪ ಮಿನುಗುವುದನ್ನು ನೋಡುತ್ತ ಕೂರಬೇಕು. ಸಂಪರ್ಕ ಸಿಕ್ಕಿತೆನ್ನಿ. ಆಗ ಧ್ವನಿ ತೂತು ಬಿದ್ದಂತೆ ಕೇಳುತ್ತದೆ, ಏಕೆಂದರೆ ಅಗ್ಗದ ತಟ್ಟೆಯ ಹರಳು ಹೇಳಿದ ತರಂಗಾಂತರಕ್ಕೆ ಕೆಲವು ನೂರು ಹರ್ಟ್ಸ್ ಅತ್ತಿತ್ತ ನಿಂತಿರುತ್ತದೆ. ಅದಕ್ಕೆ ಆಫ್‌ಸೆಟ್ ಎಂಬ ಅಂಕಿಯನ್ನು ಐವತ್ತು ನೂರರ ಲೆಕ್ಕದಲ್ಲಿ ಏರಿಸಿ ಇಳಿಸಿ, ಬಿಟ್ ದೋಷದ ಪ್ರಮಾಣವನ್ನು ಶೇಕಡಾ ಒಂದರ ಕೆಳಗೆ ತರಲು ಇಡೀ ಭಾನುವಾರವನ್ನು ಅರ್ಪಿಸುವವರಿದ್ದಾರೆ.

ಈ ಪರೀಕ್ಷೆಗೆ ಜೊತೆಗಾರನಾಗಿ 9990 ಸಂಖ್ಯೆಯಲ್ಲಿ ಪ್ಯಾರಟ್ ಎಂಬ ಸೇವೆಯಿದೆ. ನೀವು ಹೇಳಿದ್ದನ್ನು ಅದು ನಿಮ್ಮದೇ ದನಿಯಲ್ಲಿ ಮರಳಿ ಒಪ್ಪಿಸುತ್ತದೆ. ಲೋಕದ ಯಾವ ಮೂಲೆಯವರನ್ನಾದರೂ ಮಾತನಾಡಿಸಬಲ್ಲ ಸಲಕರಣೆಯನ್ನು ಕಟ್ಟಿದ ಅನೇಕರು ಅತಿ ಹೆಚ್ಚು ಮಾತನಾಡಿರುವುದು ಇದರೊಂದಿಗೇ. ಇದು ನಡುವೆ ಬಾಯಿ ಹಾಕುವುದಿಲ್ಲ, ಭಿನ್ನಾಭಿಪ್ರಾಯವಂತೂ ಇಲ್ಲವೇ ಇಲ್ಲ.

ಸೆಟ್ಟನ್ನು ತಾನೇ ಬೆಸುಗೆ ಹಾಕಿ ಕಟ್ಟುವುದು ಹ್ಯಾಮ್‌ನ ಹೆಮ್ಮೆಯಾಗಿತ್ತು ಎಂದು ಹಿರಿಯರು ನೆನಪಿಸುತ್ತಾರೆ. ಈಗ ಕಟ್ಟಲಾಗದ ಒಂದು ಭಾಗವಿದೆ: ಧ್ವನಿಯನ್ನು ಹಿಂಡುವ ಎಎಂಬಿಇ ಎಂಬ ವಿಧಾನ ಅಮೆರಿಕದ ಕಂಪನಿಯೊಂದರ ಸ್ವತ್ತು, ಅದರ ಒಳಗುಟ್ಟು ಹೊರಗಿನವರಿಗಿಲ್ಲ. ಡಿಎಂಆರ್‌ನಲ್ಲಿ ಅದು ಮನುಷ್ಯನ ಧ್ವನಿಗೆ ಕೊಡುವುದು ಸೆಕೆಂಡಿಗೆ 2450 ಬಿಟ್. ಅಷ್ಟರಲ್ಲಿ ನಮ್ಮ ಮಹಾಪ್ರಾಣಗಳ ಪಾಲಿಗೆ ಏನು ಉಳಿಯಿತೋ ತಿಳಿಯದು. ಆಸ್ಟ್ರೇಲಿಯಾದ ಡೇವಿಡ್ ರೋ ಎಂಬ ಹ್ಯಾಮ್ ಇದಕ್ಕೆ ಪ್ರತಿಯಾಗಿ ಕೋಡೆಕ್2 ಎಂಬ ಮುಕ್ತ ವಿಧಾನವನ್ನು ರೂಪಿಸಿದರು, ಅದನ್ನು ಬಳಸಿ ಎಂ17 ಎಂಬ ಪದ್ಧತಿಯೂ ಬಂತು. ಯಾರೂ ಮುಚ್ಚಿಡದಿರುವ ವಸ್ತುವಿನ ಮೇಲೆ ಜನರಿಗೆ ಕುತೂಹಲ ಹುಟ್ಟುವುದು ತಡವಾಗಿ.

ಇಷ್ಟೆಲ್ಲ ಕಷ್ಟಪಟ್ಟು ಇವರು ಆಡುವ ಮಾತೇನು ಎಂದು ಓದುಗರು ಕೇಳಬಹುದು. "ನಿಮ್ಮ ಆಡಿಯೊ ಚೆನ್ನಾಗಿದೆ ಸಾರ್." "ನಿಮ್ಮದೂ ಚೆನ್ನಾಗಿದೆ. ಯಾವ ಹಾಟ್‌ಸ್ಪಾಟು?" "ಡ್ಯುಪ್ಲೆಕ್ಸು. ಕಲರ್ ಕೋಡ್ ಒಂದೇ ಇಟ್ಟಿದ್ದೀನಿ." "ಒಳ್ಳೇದಾಯ್ತು. 73." 73 ಎಂದರೆ ಹ್ಯಾಮ್‌ಗಳ ಬೀಳ್ಕೊಡುವ ಶುಭಾಶಯ. ಈ ಮಾತುಕತೆಯಲ್ಲಿ ನಗುವಂಥದ್ದೇನೂ ಇಲ್ಲ, ಏಕೆಂದರೆ ಕಾನೂನಿನ ಅಪೇಕ್ಷೆಯೇ ಇದಾಗಿತ್ತು. 2003ರಲ್ಲಿ ತಿದ್ದುವವರೆಗೆ ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿಯಲ್ಲಿ ಒಂದು ಮಾತಿತ್ತು: ಬೇರೆ ಬೇರೆ ದೇಶಗಳ ಹವ್ಯಾಸಿಗಳು ತಮ್ಮತಮ್ಮಲ್ಲಿ ಪ್ರಯೋಗದ ತಾಂತ್ರಿಕ ವಿಷಯಗಳನ್ನೂ, ಸಾರ್ವಜನಿಕ ದೂರಸಂಪರ್ಕ ಸೇವೆಯನ್ನು ಬಳಸುವಷ್ಟು ಮಹತ್ವವಿಲ್ಲದ ವೈಯಕ್ತಿಕ ಮಾತುಗಳನ್ನೂ ಮಾತ್ರ ಆಡತಕ್ಕದ್ದು. ಅಂದರೆ ಮಾತು ಕ್ಷುಲ್ಲಕವಾಗಿರಬೇಕೆಂಬುದು ಷರತ್ತು, ಅದನ್ನು ಸರ್ಕಾರದ ತಂತಿಗೆ ಹೊರಿಸಬಾರದೆಂಬುದು ಉದ್ದೇಶ. ನಮ್ಮವರು ಷರತ್ತಿನ ಮೊದಲ ಭಾಗವನ್ನು ನಿಷ್ಠೆಯಿಂದ ಉಳಿಸಿಕೊಂಡು, ಎರಡನೆಯ ಭಾಗವನ್ನು ತಿಂಗಳ ಬಾಡಿಗೆಯ ಬ್ರಾಡ್‌ಬ್ಯಾಂಡಿಗೆ ಒಪ್ಪಿಸಿದ್ದಾರೆ.

ಆದರೂ ಈ ಪದ್ಧತಿ ಬೆಂಗಳೂರಿನಲ್ಲಿ ಬೇರೂರಲು ಒಂದು ಗಟ್ಟಿಯಾದ ಕಾರಣವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೆಂಚಿನ ಮನೆ ಹೋಗಿ ಅಪಾರ್ಟ್‌ಮೆಂಟ್ ಬಂದ ಮೇಲೆ ತಾರಸಿ ಯಾರದ್ದೂ ಅಲ್ಲ. ಅಲ್ಲಿ ಒಂದು ಆಂಟೆನಾ ನಿಲ್ಲಿಸಬೇಕೆಂದು ನಿವಾಸಿಗಳ ಸಂಘಕ್ಕೆ ಅರ್ಜಿ ಕೊಟ್ಟವರಿಗೆ, ಅದರಿಂದ ಕ್ಯಾನ್ಸರ್ ಬರುತ್ತದೆಯೇ, ಮಿಂಚು ಬಡಿಯುತ್ತದೆಯೇ, ಫ್ಲಾಟಿನ ಬೆಲೆ ಇಳಿಯುತ್ತದೆಯೇ ಎಂಬ ಮೂರು ಪ್ರಶ್ನೆಗಳು ಎದುರಾಗುತ್ತವೆ. ಮೊದಲನೆಯ ಎರಡಕ್ಕೆ ಉತ್ತರ ಕೊಟ್ಟರೂ ಮೂರನೆಯದು ಬಿಡುವುದಿಲ್ಲ. ವಿಚಿತ್ರವೆಂದರೆ, ಮೊಬೈಲ್ ಕಂಪನಿಯ ಗೋಪುರ ಅದೇ ತಾರಸಿಯ ಮೇಲೆ ಬಾಡಿಗೆ ಕೊಟ್ಟು ನಿಂತಿದ್ದರೆ ಈ ಮೂರೂ ಪ್ರಶ್ನೆಗಳು ಯಾರಿಗೂ ಹೊಳೆಯುವುದಿಲ್ಲ. ಹಾಟ್‌ಸ್ಪಾಟ್‌ಗೆ ಸಂಘದ ಅನುಮತಿ ಬೇಡ. 2005ರ ಮೇ 5ರಂದು ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಇಸ್ರೊ ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹದ ಮೂಲಕ, ಕೈಯಲ್ಲಿ ಹಿಡಿದ ಆಂಟೆನಾವನ್ನು ಆಕಾಶಕ್ಕೆ ತೋರಿಸಿ ಮಾತನಾಡಿದ ಊರು ಇದು. ಆ ಉಪಗ್ರಹ ಯಾರ ವೈಫೈ ಪಾಸ್‌ವರ್ಡನ್ನೂ ಕೇಳಿರಲಿಲ್ಲ. ಈಗ ಅಂಥ ಆಂಟೆನಾ ಹಿಡಿದು ತಾರಸಿ ಹತ್ತಲು ಹೊರಟರೆ ಬೀಗದ ಕೈ ಸೆಕ್ಯುರಿಟಿಯವರ ಬಳಿ ಇರುತ್ತದೆ, ಸೆಕ್ಯುರಿಟಿಯವರು ಊಟಕ್ಕೆ ಹೋಗಿರುತ್ತಾರೆ.

ಎಲ್ಲ ಸಂಪರ್ಕವೂ ಕಡಿದಾಗ ಹ್ಯಾಮ್ ರೇಡಿಯೊ ಉಳಿಯುತ್ತದೆ ಎಂಬ ಮಾತು ಪ್ರತಿ ಸಮಾರಂಭದ ಭಾಷಣದಲ್ಲೂ ಬರುತ್ತದೆ, ಮತ್ತು ಅದು ಬರಿಯ ಭಾಷಣವಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ, ಹವ್ಯಾಸಿ ಪ್ರಸಾರಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ಕೇಂದ್ರದಿಂದ ದ್ವೀಪದ ಸುದ್ದಿ ಮುಖ್ಯಭೂಮಿಗೆ ತಲುಪಿತು. ಅವರ ಸೆಟ್ಟಿಗೂ ಕೇಳುವವರ ಸೆಟ್ಟಿಗೂ ನಡುವೆ ಇದ್ದದ್ದು ಅಯಾನುಗೋಳ ಮಾತ್ರ, ಅದಕ್ಕೆ ಕರೆಂಟು ಬಿಲ್ ಕಟ್ಟುವವರು ಯಾರೂ ಇರಲಿಲ್ಲ.

ನಮ್ಮ ಬಡಾವಣೆಯ ಡಿಜಿಟಲ್ ಬಳಗದವರೂ ಈ ಪರಂಪರೆಗೆ ಸಲ್ಲಬೇಕೆಂದು, ತುರ್ತು ಪರಿಸ್ಥಿತಿಯಲ್ಲಿ ಹ್ಯಾಮ್‌ಗಳ ಪಾತ್ರ ಎಂಬ ವಿಷಯದ ಮೇಲೆ ಟಾಕ್‌ಗ್ರೂಪಿನಲ್ಲೊಂದು ಸಂಜೆಯ ನೆಟ್ (ರೇಡಿಯೊ ಸಭೆ) ಏರ್ಪಡಿಸಿದ್ದರು. ಆ ಸಂಜೆ ಮೇ ತಿಂಗಳ ಮಳೆ ಬಂತು, ರಸ್ತೆಗೊಂದು ಮರ ಉರುಳಿತು, ಕರೆಂಟು ಹೋಯಿತು, ಅದರ ಹಿಂದೆಯೇ ಫೈಬರೂ ಹೋಯಿತು. ಬಳಗದ ಪ್ರತಿಯೊಬ್ಬರ ಕೈಯಲ್ಲೂ ಪೂರ್ತಿ ಚಾರ್ಜ್ ಆಗಿದ್ದ, ಹಾಟ್‌ಸ್ಪಾಟ್‌ನ ಹಂಗಿಲ್ಲದೆ ಒಂದರಿಂದೊಂದಕ್ಕೆ ನೇರವಾಗಿ ಮಾತನಾಡಬಲ್ಲ 5 ವ್ಯಾಟ್‌ನ ಸೆಟ್ಟಿತ್ತು. ಆ ನೇರ ಮಾತಿನ ಚಾನೆಲ್ ಮಾತ್ರ ಯಾರ ಝೋನ್‌ನಲ್ಲೂ ಇರಲಿಲ್ಲ. ನೆಟ್ ರದ್ದಾಗಿದೆಯೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬಂತು.

ಮರುವಾರ ಸಭೆ ಸೇರಿ ಪರಿಹಾರವನ್ನೂ ಕಂಡುಕೊಂಡರು. ಪ್ರತಿಯೊಬ್ಬರೂ ಪವರ್ ಬ್ಯಾಂಕಿನಲ್ಲಿ ನಡೆಯುವ ಎರಡನೆಯ ಹಾಟ್‌ಸ್ಪಾಟ್ ಒಂದನ್ನು ಕೊಳ್ಳುವುದು, ಅದಕ್ಕೆ ಮೊಬೈಲ್ ಡೇಟಾ ಒದಗಿಸುವುದು, ಹಳೆಯದಕ್ಕೂ ಹೊಸದಕ್ಕೂ ಗೊಂದಲವಾಗದಂತೆ ಬೇರೆ ಕಲರ್ ಕೋಡ್ ಇಟ್ಟು ಎಲ್ಲರ ಕೋಡ್‌ಪ್ಲಗ್ಗನ್ನೂ ಹೊಸದಾಗಿ ಬರೆಯುವುದು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಆ ಕಲರ್ ಕೋಡ್ ಎರಡಾಗಿರಬೇಕೋ ಏಳಾಗಿರಬೇಕೋ ಎಂಬುದರ ಬಗ್ಗೆ ಒಮ್ಮತ ಮೂಡದ ಕಾರಣ ಉಪಸಮಿತಿಯೊಂದನ್ನು ನೇಮಿಸಿದ್ದು, ಅದರ ಮೊದಲ ಸಭೆ ಮಳೆಗಾಲ ಕಳೆದ ಮೇಲೆ ನಡೆಯಲಿದೆ.