ಲಾಟ್ 147 ಮತ್ತು ಒಂದು ರಬ್ಬರ್ ಸುತ್ತಿಗೆ

ನಮ್ಮನೆ ಫ್ರಿಜ್ಜಿನ ಮೇಲೆ ಮೈಸೂರು ಅರಮನೆಯ ಮ್ಯಾಗ್ನೆಟ್ ಒಂದಿತ್ತು. ರಜಕ್ಕೆ ಊರಿಗೆ ಹೋದಾಗ 40 ರೂಪಾಯಿಗೆ ತಂದದ್ದು. ಮಗನ ಸ್ಕೂಲಿನ ಊಟದ ಪಟ್ಟಿ ಹಿಡಿದುಕೊಂಡು ತನ್ನ ಪಾಡಿಗೆ ಇತ್ತು. ಒಂದು ಶನಿವಾರ ಬೆಳಿಗ್ಗೆ ಅದನ್ನು ಕರ್ಚೀಫಿನಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡೆ.

"ಅದನ್ಯಾಕ್ರೀ ತಗೊಂಡು ಹೋಗ್ತಿದ್ದೀರಾ?" ಎಂದಳು ಹೆಂಡತಿ.

"ಕಾರು ನೋಡೋಕೆ."

ಅವಳು ಮುಂದೆ ಕೇಳಲಿಲ್ಲ. ಕೇಳಬೇಕಿತ್ತು ಎಂದು ಆಮೇಲೆ ಇಬ್ಬರಿಗೂ ಅನ್ನಿಸಿತು.

ನಾವಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಜಾಗ್ವಾರ್, ಟ್ರಯಂಫ್ ಎಲ್ಲ ಇಲ್ಲಿಯೇ ತಯಾರಾಗುತ್ತಿದ್ದವು. ಗಾಳಿಯಲ್ಲೇ ಏನೋ ಇದೆ. ದೊಡ್ಡಬಳ್ಳಾಪುರದಲ್ಲಿ ನಾನು ಕೂದಲು ಕತ್ತರಿಸಿಕೊಳ್ಳುತ್ತಿದ್ದ ಸಲೂನಿನ ಗೋಡೆ ಮೇಲೆ ಟಾಪಿಲ್ಲದ ಕಾರಿನ ಕ್ಯಾಲೆಂಡರ್ ಇತ್ತು. ವರ್ಷ ಮುಗಿದು ಹತ್ತು ವರ್ಷವಾದರೂ ಅದನ್ನು ಯಾರೂ ತೆಗೆದಿರಲಿಲ್ಲ. ತಲೆ ಬಗ್ಗಿಸು ಎಂದರೂ ನಾನು ಬಗ್ಗಿಸುತ್ತಿರಲಿಲ್ಲ. ರೋಗ ಅಷ್ಟು ಹಳೆಯದು.

2022ರ ಮೇ ತಿಂಗಳಲ್ಲಿ ಅದು ಉಲ್ಬಣಿಸಿತು. ಮರ್ಸಿಡಿಸ್ ಕಂಪನಿ 1955ರ 300 ಎಸ್‌ಎಲ್‌ಆರ್ ಕೂಪೆ ಎಂಬ ಕಾರನ್ನು ಸ್ಟುಟ್‌ಗಾರ್ಟ್‌ನ ತನ್ನ ಮ್ಯೂಸಿಯಮ್ಮಿನಲ್ಲಿ ಹರಾಜು ಹಾಕಿಸಿತು. ಪ್ರಪಂಚದಲ್ಲಿ ಅಂಥವು ಎರಡೇ ಇರುವುದು. ಒಂದು ಹೋದದ್ದು 13.5 ಕೋಟಿ ಯೂರೋಗೆ. ನಮ್ಮ ಲೆಕ್ಕದಲ್ಲಿ ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಇದನ್ನು ಓದಿದ ಮೇಲೆ ಎಂಟು ಸಾವಿರ ಪೌಂಡಿನ ಎಂಜಿಬಿ ಎಂಬ ಟಾಪ್ ಮಡಚುವ ಹಳೇ ಬ್ರಿಟಿಷ್ ಕಾರು ನನಗೆ ಕೊತ್ತಂಬರಿ ಸೊಪ್ಪಿನ ಕಟ್ಟಿನಷ್ಟು ಅಗ್ಗವಾಗಿ ಕಂಡಿತು.

ಎಂಜಿಬಿ ಅಪರೂಪದ ಕಾರೇನಲ್ಲ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಮಾಡಿದ್ದಾರೆ. ನನ್ನ ಕಣ್ಣಿಗೆ ಬಿದ್ದದ್ದು 1972ರದು, ಕಡು ಹಸಿರು, ಹರಾಜಿನ ಪಟ್ಟಿಯಲ್ಲಿ ಲಾಟ್ 147. 1974ರ ಕೊನೆಯಿಂದ ಅಮೆರಿಕದ ಕಾನೂನಿಗೆ ಹೆದರಿ ಇದಕ್ಕೆ ಕಪ್ಪು ರಬ್ಬರಿನ ದಪ್ಪ ಬಂಪರ್ ಹಾಕಿದರು, ಮೀಸೆಯವನಿಗೆ ಮಾಸ್ಕ್ ಹಾಕಿದ ಹಾಗೆ. ನನ್ನದು ಅದಕ್ಕೂ ಮುಂಚಿನದು. ಕ್ರೋಮ್ ಬಂಪರ್, ಫಳಫಳ.

ಕ್ಯಾಟಲಾಗಿನಲ್ಲಿ "ಸ್ವಲ್ಪ ಗಮನ ಕೊಟ್ಟರೆ ಚೆನ್ನಾಗಿ ಓಡುವ ಕಾರು" ಎಂದಿತ್ತು. ವಧು-ವರರ ಜಾಹೀರಾತಿನಲ್ಲಿ "ಸ್ವಂತ ಬಿಸಿನೆಸ್" ಎಂದರೆ ಏನು ಅಂತ ನಮಗೆಲ್ಲ ಗೊತ್ತು. ಆದರೂ ಇಂಗ್ಲಿಷಿನಲ್ಲಿ ಬರೆದದ್ದನ್ನು ನಂಬುವ ಚಟ ನಮ್ಮದು.

ಹರಾಜಿನಲ್ಲಿ ಕಾರು ಓಡಿಸಿ ನೋಡಲು ಬಿಡುವುದಿಲ್ಲ. ಸುತ್ತ ಓಡಾಡಬಹುದು, ಬಗ್ಗಬಹುದು, ಬೇಕಾದರೆ ಇಂಜಿನ್ ಸ್ಟಾರ್ಟ್ ಮಾಡಿ ತೋರಿಸುತ್ತಾರೆ. ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಯಿತು. ಬಾನೆಟ್ ಮುಟ್ಟಿದರೆ ಬೆಚ್ಚಗಿತ್ತು. ಬೆಳಿಗ್ಗೆಯೇ ನಾಲ್ಕು ಸುತ್ತು ಓಡಿಸಿ ತಂದಿದ್ದಾರೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಬಂಪರ್ ಮಾತ್ರ.

ಮ್ಯಾಗ್ನೆಟ್ ತೆಗೆದೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೂ ಇರುವ ಸಿಲ್ ಗಟ್ಟಿಯಿದ್ದರೆ ಕಾರು ಗಟ್ಟಿ. ಅದು ತುಕ್ಕು ಹಿಡಿದಾಗ ಕೆಲವರು ಪುಟ್ಟಿ ಮೆತ್ತಿ ಬಣ್ಣ ಹೊಡೆದುಬಿಡುತ್ತಾರೆ. ಪುಟ್ಟಿಗೆ ಮ್ಯಾಗ್ನೆಟ್ ಅಂಟುವುದಿಲ್ಲ. ಬಾನೆಟ್ ಮೇಲೆ ಇಟ್ಟೆ, ಅರಮನೆ ಗಟ್ಟಿಯಾಗಿ ಕೂತಿತು. ಬಾಗಿಲ ಮೇಲೆ ಇಟ್ಟೆ, ಕೂತಿತು. ಬಲಗಡೆ ಸಿಲ್ ಮೇಲೆ ಇಟ್ಟೆ. ಅರಮನೆ ಜಾರಿ ನೆಲಕ್ಕೆ ಬಿತ್ತು. ಇನ್ನೊಮ್ಮೆ ಇಟ್ಟೆ, ಇನ್ನೊಮ್ಮೆ ಬಿತ್ತು.

ಬುದ್ಧಿ ಇದ್ದವನು ಮನೆಗೆ ಹೋಗುತ್ತಿದ್ದ. ನಾನು "40 ರೂಪಾಯಿ ಮ್ಯಾಗ್ನೆಟ್ ಇನ್ನೇನು ಹಿಡಿಯುತ್ತೆ" ಎಂದುಕೊಂಡು, ಹರಾಜು ಕೂಗುವಾಗ ಎತ್ತಿ ಹಿಡಿಯುವ ನಂಬರ್ ಹಲಗೆ ತೆಗೆದುಕೊಳ್ಳಲು ಹೋದೆ.

ಹರಾಜು ಶುರುವಾಯಿತು. ಐದು ಸಾವಿರದಿಂದ ಏರುತ್ತಾ ಹೋಯಿತು. ನನ್ನ ಎದುರಾಳಿ ಹಿಂದುಗಡೆ ಎಲ್ಲೋ ಇದ್ದ. ಹರಾಜುದಾರ ಒಮ್ಮೆ ನನ್ನ ಕಡೆ, ಒಮ್ಮೆ ಹಿಂದುಗಡೆ ಕೈ ತೋರಿಸುತ್ತಿದ್ದ. ನಾನು ಹಟಕ್ಕೆ ಬಿದ್ದೆ. ಒಂದು ಸಲ ತಿರುಗಿ ನೋಡಿದರೆ ಅಲ್ಲಿ ಇದ್ದದ್ದು ಗೋಡೆ, ಮತ್ತೊಂದು ಅಗ್ನಿಶಾಮಕ ಸಿಲಿಂಡರ್. ಮಾರುವವನು ಇಟ್ಟ ಕನಿಷ್ಠ ಬೆಲೆ, ಅಂದರೆ ರಿಸರ್ವ್, ಮುಟ್ಟುವವರೆಗೆ ಅವನ ಪರವಾಗಿ ಹರಾಜುದಾರನೇ ಕೂಗಬಹುದು ಎಂದು ಆಮೇಲೆ ತಿಳಿಯಿತು. ಷರತ್ತುಗಳಲ್ಲಿ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು, ಕಾನೂನಿನಲ್ಲೂ ಅವಕಾಶವಿದೆ. ಹಾಗಾಗಿ ನಾನು ಎಷ್ಟು ಹೊತ್ತು ಮನುಷ್ಯನ ಜೊತೆ, ಎಷ್ಟು ಹೊತ್ತು ಗೋಡೆಯ ಜೊತೆ ಜಿದ್ದು ಸಾಧಿಸಿದೆ ಎಂದು ದೇವರಿಗೇ ಗೊತ್ತು.

8,000ಕ್ಕೆ ಸುತ್ತಿಗೆ ಬಿತ್ತು. ಗೆದ್ದೆ! ಕೌಂಟರಿಗೆ ಹೋದರೆ ಬಿಲ್ಲು 9,200. ಕೊಳ್ಳುವವನ ಕಮಿಷನ್ ಶೇಕಡಾ 12.5, ಅಂದರೆ ಸಾವಿರ. ಆ ಸಾವಿರದ ಮೇಲೆ 20 ಪರ್ಸೆಂಟ್ ವ್ಯಾಟ್, ಇನ್ನೂರು. ಇದೂ ಸಣ್ಣ ಅಕ್ಷರದಲ್ಲೇ ಇತ್ತು. ಕನ್ನಡಕ ಮಾತ್ರ ಮನೆಯಲ್ಲಿತ್ತು.

ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಪ್ಪ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಿದವರು.

"ಹಲ್ಲು ನೋಡಿದ್ಯೇನೋ?"

"ಕಾರಿಗೆ ಎಲ್ಲಿ ಹಲ್ಲು, ಅಪ್ಪಾ?"

"ಗೇರಲ್ಲಿ ಇರ್ತವಲ್ಲೋ! ಕೊಂಬು ಹೆರೆದು, ಎಣ್ಣೆ ಹಚ್ಚಿ, ಕುಚ್ಚು ಕಟ್ಟಿ ನಿಲ್ಸಿದ ಎತ್ತನ್ನ ಯಾವತ್ತೂ ನಂಬಬಾರ್ದು. ಎಷ್ಟು ಕೊಟ್ಟೆ?"

ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಕೀ ತಿರುಗಿಸಿದೆ. ಮೌನ. ಪಕ್ಕದ ಮನೆಯ ಮುದುಕಪ್ಪ ಡ್ರೆಸ್ಸಿಂಗ್ ಗೌನ್, ಚಪ್ಪಲಿಯಲ್ಲೇ ಬಂದ. "ಪಂಪ್ ಟಿಕ್ ಟಿಕ್ ಅನ್ನುತ್ತಿಲ್ಲ" ಎಂದ. ಗ್ಯಾರೇಜಿಗೆ ಹೋಗಿ ರಬ್ಬರ್ ಸುತ್ತಿಗೆ ತಂದ. ಬಲಗಡೆ ಹಿಂದಿನ ಚಕ್ರದ ಪಕ್ಕ ಒದ್ದೆ ನೆಲದಲ್ಲಿ ಅಂಗಾತ ಮಲಗಿ, ಕೈ ಒಳಗೆ ಹಾಕಿ, ಮೆಲ್ಲಗೆ ಎರಡು ಏಟು ಕೊಟ್ಟ. ಟಿಕ್ ಟಿಕ್ ಟಿಕ್. ಇಂಜಿನ್ ಶುರು. ಆ ಪೆಟ್ರೋಲ್ ಪಂಪಿನೊಳಗೆ ಎರಡು ಪಾಯಿಂಟ್‌ಗಳಿವೆ, ಕರಟಿದರೆ ಅಂಟಿಕೊಳ್ಳುತ್ತವೆ, ತಟ್ಟಿದರೆ ಬಿಡಿಸಿಕೊಳ್ಳುತ್ತವೆ. ಸುತ್ತಿಗೆಯನ್ನು ಡಿಕ್ಕಿಯಲ್ಲೇ ಇಟ್ಟುಕೋ ಎಂದು ಹೇಳಿ ಚಹಾ ಕುಡಿಯಲು ಹೋದ.

ಹೊಸ ಎಲೆಕ್ಟ್ರಾನಿಕ್ ಪಂಪ್ ಹಾಕಿಸಬಹುದಿತ್ತು. ಅಷ್ಟರಲ್ಲಿ ಸಿಲ್ಲಿನ ಸುದ್ದಿ ಬಂತು. ಇಲ್ಲಿ 40 ವರ್ಷ ದಾಟಿದ ಕಾರಿಗೆ 2018ರಿಂದ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಹಾಗಾಗಿ ಅದರ ಅಡಿಗೆ ಯಾರೂ ತಲೆ ಹಾಕಿರಲಿಲ್ಲ. ವೆಲ್ಡಿಂಗ್‌ನವನು ಪುಟ್ಟಿ ಕೆರೆದರೆ ಒಳಗೆ ಹಳೇ ನ್ಯೂಸ್‌ಪೇಪರ್ ತುರುಕಿತ್ತು. ಅದರಲ್ಲಿ ಅರ್ಧ ಬಿಡಿಸಿದ ಪದಬಂಧ. ಫೋಟೋ ಕಳಿಸಿದ. ಹಿಂದೆಯೇ ಎಸ್ಟಿಮೇಟ್ ಕಳಿಸಿದ, 2,600 ಪೌಂಡ್.

ಹೆಂಡತಿಗೆ ಮ್ಯಾಗ್ನೆಟ್ ವಿಷಯ ಹೇಳಲೇ ಇಲ್ಲ. ಅವಳ ತಕರಾರು ಬೇರೆ ಇತ್ತು. "ನಾಲ್ಕು ಜನದ ಸಂಸಾರಕ್ಕೆ ಎರಡು ಸೀಟಿನ ಕಾರು! ಉಳಿದಿಬ್ಬರು ಬಸ್ಸಲ್ಲಿ ಬರ್ಬೇಕಾ?" ನಿಜ ಹೇಳಬೇಕೆಂದರೆ, ಒಂದು ಜುಲೈ ಭಾನುವಾರ ಟಾಪ್ ಮಡಚಿ ನಾವಿಬ್ಬರೇ ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಕಡೆ ಹೋದಾಗ ಅವಳೂ ದುಪಟ್ಟಾ ತಲೆಗೆ ಕಟ್ಟಿಕೊಂಡು ಹಾಡು ಗುನುಗಿದ್ದಳು. ವಾಪಸ್ ಬರುವಾಗ ಮಳೆ ಬಂತು. ಹಾಡು ನಿಂತಿತು.

ಎರಡು ವರ್ಷದ ಮೇಲೆ ಅದೇ ಹರಾಜಿಗೆ ಒಯ್ದೆ. ಈ ಸಲ ಗೋಡೆ ನನ್ನ ಪರವಾಗಿ ಕೂಗಿತು. ರಿಸರ್ವ್ ಮುಟ್ಟಿದ ಮೇಲೆ ಗೋಡೆ ಸುಮ್ಮನಾಯಿತು, ಜನವೂ ಹೆಚ್ಚುಕಡಿಮೆ ಸುಮ್ಮನಾದರು. 6,000ಕ್ಕೆ ಸುತ್ತಿಗೆ ಬಿತ್ತು. ಮಾರುವವನ ಕಮಿಷನ್, ಎಂಟ್ರಿ ಫೀಸು, ಅವುಗಳ ಮೇಲೆ ವ್ಯಾಟ್ ಹೋಗಿ ನನ್ನ ಕೈಗೆ ಬಂದದ್ದು 5,460. ಕೊಂಡವನು ತೆತ್ತದ್ದು 6,900. ಮಧ್ಯದ 1,440 ಸುತ್ತಿಗೆ ಹಿಡಿದವರಿಗೂ ಸರ್ಕಾರಕ್ಕೂ. ಪ್ರಾಫಿಟ್ ಎಷ್ಟು ಬಂತು ಎಂದು ಅಪ್ಪ ಕೇಳಿದರು. ಮತ್ತೆ ನೆಟ್‌ವರ್ಕ್ ಹೋಯಿತು.

ಕೊಂಡವನು ಇಪ್ಪತ್ತೈದರ ಹುಡುಗ. ಡಿಕ್ಕಿ ತೆಗೆದು, "ಈ ಸುತ್ತಿಗೆ ಯಾತಕ್ಕೆ?" ಎಂದ. ಅವನ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಕೀ ತಿರುಗಿಸು ಎಂದೆ. ಮೌನ. ಒಳ್ಳೇ ಕೋಟಿನಲ್ಲೇ ನೆಲಕ್ಕೆ ಮಲಗಿದೆ, ಬಲಗಡೆ ಹಿಂದಿನ ಚಕ್ರದ ಪಕ್ಕ. ಅವನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಎಷ್ಟು ಏಟು ಹೊಡೀಬೇಕು?" ಎಂದ.

"ಒಂದು ಸಲ..." ಎಂದು ತಟ್ಟಿದೆ. "ಎರಡು ಸಲ..."

ಟಿಕ್ ಟಿಕ್ ಟಿಕ್.