ಮೂವತ್ತೈದನೇ ಒಂದು ಪಾಲು ಯುದ್ಧ

ಪ್ಲಾಸ್ಟಿಕ್ ಟ್ಯಾಂಕು ಕಟ್ಟುವ ಹವ್ಯಾಸದಲ್ಲಿ ಅರ್ಧ ಆಯುಷ್ಯ ನೆಲದ ಮೇಲೆ ಬೋರಲು ಮಲಗಿಯೇ ಕಳೆಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ. ‘ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ’ ಎಂದು ಹಾಕಿಸುತ್ತಾರೆ. ನಲವತ್ತು ದಾಟಿದವರ ಸೊಂಟದ ಬಗ್ಗೆ ಒಂದು ಮಾತಿಲ್ಲ.

ಅದರಲ್ಲೂ ನಮ್ಮ ಮನೆಯದು ಮೊಸಾಯಿಕ್ ನೆಲ. ಕಪ್ಪು, ಬಿಳಿ, ಕಂದು, ನಡುನಡುವೆ ಪಾಚಿ ಹಸಿರಿನ ಚೂರುಗಳು. ಸೇನೆಗಳು ಮೊದಲ ಮಹಾಯುದ್ಧದ ಕಾಲದಿಂದ ಹುಡುಕುತ್ತಿರುವ, ಎಲ್ಲ ಋತುವಿಗೂ ಒಪ್ಪುವ ಮರೆಮಾಚುವ ಬಣ್ಣವನ್ನು ನಮ್ಮ ಮನೆ ಕಟ್ಟಿದ ಮೇಸ್ತ್ರಿ ಯಾವ ಸದ್ದುಗದ್ದಲವೂ ಇಲ್ಲದೆ ಸಾಧಿಸಿಬಿಟ್ಟಿದ್ದಾರೆ. ಅದರ ಮೇಲೆ ಬಿದ್ದ ಬಿಡಿಭಾಗ ಮರುಕ್ಷಣವೇ ನೆಲದಲ್ಲಿ ಲೀನ. ಅನುಭವಿಗಳ ಉಪಾಯವೆಂದರೆ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಹಿಡಿದು, ನೆರಳನ್ನು ಹುಡುಕುವುದು. ಸಾಸಿವೆಯಷ್ಟು ಚೂರಿಗೂ ಉದ್ದನೆಯ ನೆರಳು ಬೀಳುತ್ತದೆ. ಆದರೆ ನಿಜವಾದ ಸಾಸಿವೆಗೂ ಅಷ್ಟೇ ಉದ್ದದ ನೆರಳು ಬೀಳುತ್ತದಲ್ಲ! ಊಟದ ಮೇಜೇ ನನ್ನ ಕಾರ್ಖಾನೆಯಾದ್ದರಿಂದ ಹೀಗೆ ತೆವಳುತ್ತಾ ಹೆಕ್ಕಿದ ಕಡಲೆಬೇಳೆ, ಉದ್ದಿನಬೇಳೆ, ಸಾಸಿವೆಗಳನ್ನು ಕೂಡಿಟ್ಟಿದ್ದರೆ ಒಂದು ಹೊತ್ತಿನ ಚಿತ್ರಾನ್ನದ ಒಗ್ಗರಣೆಗೆ ಕೊರತೆಯಾಗುತ್ತಿರಲಿಲ್ಲ.

ಒಂದು ರಾತ್ರಿ ನೀರು ಕುಡಿಯಲು ಎದ್ದ ಅಮ್ಮ ಕತ್ತಲಲ್ಲಿ ಮೇಜಿನ ಕೆಳಗಿನ ಬೆಳಕನ್ನು ಕಂಡು ಗಾಬರಿಯಾದರು.

“ಏನೋ ಅದು, ಏನು ಕಳೆದುಕೊಂಡೆ?”

“ಹೆಡ್‌ಲೈಟಿನ ಜಾಲರಿ ಅಮ್ಮ.”

“ಯಾವ ಗಾಡಿಯದು?”

“ಟ್ಯಾಂಕಿನದು.”

ಅಮ್ಮ ನೀರು ಕುಡಿಯದೆಯೇ ಹೋಗಿ ಮಲಗಿದರು.

ಟ್ಯಾಂಕು ಎಂದರೆ ಎಂ5 ಸ್ಟುವರ್ಟ್. ಎರಡನೇ ಮಹಾಯುದ್ಧದ ಕಾಲದ, ಅಮೆರಿಕದ ಹಗುರ ಟ್ಯಾಂಕು. ಹಗುರ ಎಂದರೂ ಸುಮಾರು ಹದಿನೈದು ಟನ್. ನಾಲ್ವರು ಸಿಬ್ಬಂದಿ, 37 ಮಿಲಿಮೀಟರಿನ ಫಿರಂಗಿ, ಹಿಂಭಾಗದಲ್ಲಿ ಎರಡು ಕ್ಯಾಡಿಲಾಕ್ ಎಂಜಿನ್. ನಿಜವಾದದ್ದರ ಉದ್ದ ಸುಮಾರು 4.8 ಮೀಟರ್, ನನ್ನದು ಹದಿನಾಲ್ಕು ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ. 1:35 ಎಂಬ ಈ ಅಳತೆಯ ಹಿಂದೆ ಗಹನವಾದ ಗಣಿತವೇನೂ ಇಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿಯವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡುವಾಗ ಒಳಗೆ ಮೋಟಾರೂ ಬ್ಯಾಟರಿಯೂ ಹಿಡಿಸುವಷ್ಟು ದೊಡ್ಡದಾಗಿ ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಮೂವತ್ತೈದನೇ ಒಂದು ಪಾಲಿನ ಆಸುಪಾಸಿನಲ್ಲಿತ್ತು. ಎರಡು ಬ್ಯಾಟರಿಗಳ ಗಾತ್ರ ನಿರ್ಧರಿಸಿದ ಈ ಅಳತೆಯನ್ನೇ ಟ್ಯಾಂಕು ಕಟ್ಟುವವರು ವೇದವಾಕ್ಯ ಮಾಡಿಕೊಂಡು, ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಮಾತು ಬಿಡುವಷ್ಟು ಜಗಳವಾಡುತ್ತಾರೆ. ನಾನೂ ಆಡುತ್ತೇನೆ.

ಸ್ಟುವರ್ಟನ್ನೇ ಆರಿಸಿಕೊಳ್ಳಲು ಕಾರಣ ಜೊಜಿಲಾ. ಪಾಕಿಸ್ತಾನದೊಂದಿಗಿನ ಮೊದಲ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಕಾಶ್ಮೀರದಿಂದ ಲಡಾಖಿಗೆ ಹೋಗುವ, ಹನ್ನೊಂದು ಸಾವಿರ ಅಡಿಗೂ ಎತ್ತರದ ಆ ಕಣಿವೆದಾರಿಯ ಹಿಮದಲ್ಲಿ ನಮ್ಮ ಸೇನೆಯ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಏರಿ ಹೋದವು. ಅಲ್ಲಿಗೆ ಟ್ಯಾಂಕು ಬಂದೀತೆಂದು ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ. ಇದರ ಹಿಂದಿದ್ದವರು ನಮ್ಮ ಕೊಡಗಿನ ಸೇನಾನಿ ಕೆ.ಎಸ್. ತಿಮ್ಮಯ್ಯನವರು. ಹೇಸರಗತ್ತೆಗಳು ನಡೆಯುವ ದಾರಿಯನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿಕೊಟ್ಟವರು ಸೇನೆಯ ಎಂಜಿನಿಯರುಗಳಾದ ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರಿನ ನಮ್ಮ ಹಲಸೂರು ಕೆರೆಯ ಬಳಿ ಕೇಂದ್ರವಿರುವವರೇ. ಇಷ್ಟೆಲ್ಲ ನಂಟು ಇರುವಾಗ ಜರ್ಮನಿಯ ಟ್ಯಾಂಕು ಕಟ್ಟುವುದು ನನಗೆ ಸರಿ ಕಾಣಲಿಲ್ಲ.

ಪೆಟ್ಟಿಗೆ ತೆರೆದರೆ ಚೌಕಟ್ಟಿಗೆ ಅಂಟಿಕೊಂಡ ಪ್ಲಾಸ್ಟಿಕ್ ಭಾಗಗಳ ರಾಶಿ. ನಿಪ್ಪರಿನಿಂದ ಕತ್ತರಿಸಿ, ಉಳಿದ ಮೊಳಕೆಯನ್ನು ಉಜ್ಜಿ, ಅಂಟಿಸಬೇಕು. ಇದು ಯಾರಾದರೂ ಮಾಡುವ ಕೆಲಸ. ಕಷ್ಟ ಬರುವುದು ಹಿತ್ತಾಳೆಯಿಂದ. ತೆಳುವಾದ ಹಾಳೆಯಲ್ಲಿ ರಾಸಾಯನಿಕದಿಂದ ಕೊರೆದು ತೆಗೆದ ಕೊಂಡಿ, ಕೀಲು, ಜಾಲರಿಗಳನ್ನು ಬೇರೆಯಾಗಿ ದುಡ್ಡು ಕೊಟ್ಟು ತರಿಸಿ, ಚಿಮಟದಲ್ಲಿ ಹಿಡಿದು ಮಡಿಸಬೇಕು. ಚಿಮಟ ತುಸು ಬಿಗಿಯಾದರೆ ‘ಟಿಣ್’ ಎಂಬ ಸದ್ದು, ಆಮೇಲೆ ಟಾರ್ಚು. ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಅಂಟು ಹಿತ್ತಾಳೆಯ ಮುಂದೆ ನಡೆಯುವುದಿಲ್ಲ, ಅದಕ್ಕೆ ಸೂಪರ್ ಗ್ಲೂ ಬೇಕು. ಸೂಪರ್ ಗ್ಲೂ ಗಟ್ಟಿಯಾಗುವುದು ತೇವಾಂಶದಿಂದ. ಒಣಗಿದ ಹಿತ್ತಾಳೆಯ ಮೇಲೆ ಹಿಡಿಯಲೋ ಬಿಡಲೋ ಎಂದು ಸತಾಯಿಸುವ ಅದು, ಬೆವರಿದ ಬೆರಳು ಸಿಕ್ಕಿದರೆ ಕಣ್ಣುಮಿಟುಕಿಸುವಷ್ಟರಲ್ಲಿ ಜನ್ಮಾಂತರದ ಸಂಬಂಧ ಬೆಳೆಸುತ್ತದೆ.

ಅಂಥ ಒಂದು ರಾತ್ರಿಯ ಮರುದಿನವೇ ಬ್ಯಾಂಕಿನಲ್ಲಿ ಆಧಾರ್ ಬೆರಳಚ್ಚು ಕೊಡಬೇಕಾಗಿ ಬಂತು. ಹೆಬ್ಬೆರಳು ಇಟ್ಟೆ, ಕೆಂಪು ದೀಪ. ಒರೆಸಿ ಇಟ್ಟೆ, ಕೆಂಪು ದೀಪ. ಕೌಂಟರಿನ ಹುಡುಗಿ ನನ್ನ ಬೆರಳನ್ನು ಮರುಕದಿಂದ ನೋಡಿದಳು.

“ಗಾರೆ ಕೆಲಸವೇ ಸಾರ್? ಅವರಿಗೂ ಹೀಗೆಯೇ, ರೇಖೆಗಳು ಸವೆದುಹೋಗಿರುತ್ತವೆ.”

“ಹೌದಮ್ಮ,” ಎಂದೆ, “ಸಣ್ಣ ಪ್ರಮಾಣದ್ದು.”

ಸರ್ಕಾರದ ಯಂತ್ರಕ್ಕೆ ಸಿಗದ ಆ ಬೆರಳಚ್ಚು ಮನೆಗೆ ಬಂದು ನೋಡಿದರೆ ಟ್ಯಾಂಕಿನ ಎಡ ಮಗ್ಗುಲಲ್ಲಿ ಒಂದು ರೇಖೆಯೂ ತಪ್ಪದೆ ಮೂಡಿತ್ತು. ಮೂವತ್ತೈದು ಪಟ್ಟು ಹಿಗ್ಗಿಸಿದರೆ ಮುಕ್ಕಾಲು ಮೀಟರ್ ಅಗಲದ ಹೆಬ್ಬೆಟ್ಟು! ಜೊಜಿಲಾ ಹತ್ತುವ ಮುನ್ನ ಯಾವನೋ ರಾಕ್ಷಸ ಸಾಲದ ಪತ್ರಕ್ಕೆ ಒತ್ತಿ ಹೋದಂತಿತ್ತು. ಉಪ್ಪುಕಾಗದ ಹಿಡಿದು ಉಜ್ಜಿ ತೆಗೆದೆ. ಅದರ ಜೊತೆ ಎರಡು ಬೋಲ್ಟುಗಳೂ ಹೋದವು.

ಬಣ್ಣದ ಹಂತದಲ್ಲಿ ಕೆಳಗಿನ ಮನೆಯ ಅಜ್ಜಿ ಪ್ರವೇಶಿಸಿದರು. ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆ ಗಾಳಿ ಒದಗಿಸುವ ಕಂಪ್ರೆಸರ್ ರಾತ್ರಿ ಹೊತ್ತು ಗುರುಗುಟ್ಟುವುದನ್ನು ಕೇಳಿ, ಮನೆಯಲ್ಲಿ ಯಾರಿಗೋ ಉಬ್ಬಸ, ನೆಬ್ಯುಲೈಸರ್ ಹಾಕುತ್ತಿದ್ದಾರೆ ಎಂದು ಅವರು ತೀರ್ಮಾನಿಸಿದ್ದರು. ಒಂದು ಡಬ್ಬಿ ಕಷಾಯದ ಪುಡಿ ಬಂತು. “ಯಾರಿಗೂ ಹೇಳಬೇಡಿ, ನಮ್ಮ ಮನೆಯವರಿಗೂ ಇತ್ತು,” ಎಂದು ನನ್ನ ಹೆಂಡತಿಯ ಕೈ ಹಿಡಿದು ಸಮಾಧಾನ ಹೇಳಿದರಂತೆ. ಅವಳು ಟ್ಯಾಂಕಿನ ವಿಷಯ ಹೇಳಲಿಲ್ಲ. ಉಬ್ಬಸವೇ ಮರ್ಯಾದೆಯ ಕಾಯಿಲೆ ಎಂದು ಅವಳ ಅಭಿಪ್ರಾಯ.

ಟ್ಯಾಂಕಿಗೆ ಹೊಡೆದ ಕಡು ಹಸಿರು ಬಣ್ಣ ಇನ್ನೂ ಹಸಿಯಾಗಿದ್ದಾಗಲೇ ಟ್ಯೂಬ್‌ಲೈಟಿನ ಹಿಂದಿನಿಂದ ಒಂದು ಹಲ್ಲಿ ತೊಪ್ಪನೆ ಅದರ ಮೇಲೆ ಬಿತ್ತು. ಬಿದ್ದದ್ದು ಎದ್ದು ಓಡಬಾರದೇ? ಎಂಜಿನ್ನಿನ ಮುಚ್ಚಳದಿಂದ ಹಿಡಿದು ಚಾಲಕನ ಕಿಂಡಿಯವರೆಗೆ ಸಾವಕಾಶವಾಗಿ ನಡೆದು, ಫಿರಂಗಿಯ ತುದಿಯಲ್ಲಿ ಒಂದಿಷ್ಟು ನಿಂತು, ಲೊಚಗುಟ್ಟಿ ಹೋಯಿತು. ಹೋಲಿಕೆಯ ಲೆಕ್ಕದಲ್ಲಿ ಅದು ನಾಲ್ಕು ಮೀಟರ್ ಉದ್ದದ ಪ್ರಾಣಿ. ತಲೆಯ ಮೇಲೆ ಬಿದ್ದರೆ ಏನು, ಬಲ ಭುಜದ ಮೇಲೆ ಬಿದ್ದರೆ ಏನು ಎಂದು ಪಂಚಾಂಗದಲ್ಲಿ ಸವಿವರವಾಗಿ ಕೊಟ್ಟಿದ್ದಾರೆ. ಟ್ಯಾಂಕಿನ ಮೇಲೆ ಬಿದ್ದರೆ ಏನು ಫಲವೆಂದು ಇಲ್ಲ. ಅಮ್ಮ ಮಾತ್ರ ಯಾವುದಕ್ಕೂ ಇರಲಿ ಎಂದು ನನಗೆ ಸ್ನಾನ ಮಾಡಿಸಿದರು.

ನಿಜವಾದ ಕೆಲಸ ಶುರುವಾಗುವುದು ಇಷ್ಟಾದ ಮೇಲೆ, ಅಂದರೆ ಕೊಳೆ ಮಾಡುವುದು. ಯುದ್ಧದ ಟ್ಯಾಂಕು ಅಂಗಡಿಯಿಂದ ಬಂದ ಸ್ಥಿತಿಯಲ್ಲಿ ಇರಬಾರದು. ಮೂಲೆಗಳಲ್ಲಿ ತೆಳುವಾದ ಕಂದು ಬಣ್ಣ ಹರಿಯಬಿಟ್ಟು ಕೊಳೆ ಕೂರಿಸಬೇಕು. ಬಹುಪಾಲು ಒರೆಸಿದ, ಒಣಗಿದ ಬ್ರಷ್ಷನ್ನು ಅಂಚುಗಳ ಮೇಲೆ ಸವರಿ ಸವೆತ ತೋರಿಸಬೇಕು. ಹರಿದ ಸ್ಪಂಜಿನ ಚೂರಿನಿಂದ ಅಲ್ಲಲ್ಲಿ ಬಣ್ಣ ಕಿತ್ತಂತೆ ಚುಕ್ಕೆ ಇಡಬೇಕು. ಗ್ರೀಸು ಸೋರಿದ ಕಲೆ, ಹೊಗೆಯ ಮಸಿ, ಚೈನಿನ ಸಂದಿಯಲ್ಲಿ ಕೆಸರು. ಒಂದು ತುಕ್ಕಿನ ಗೆರೆ ಎಳೆಯಲು ನನಗೆ ಒಂದು ಸಂಜೆ ಬೇಕು. ನೀರು ಎಲ್ಲಿಂದ ಇಳಿದು ಎಲ್ಲಿ ನಿಂತೀತು ಎಂದು ಯೋಚಿಸದೆ ಎಳೆದ ತುಕ್ಕು ತುಕ್ಕೇ ಅಲ್ಲ.

“ರೀ, ಹೊಸ ಸಾಮಾನು ತಂದು ಹಳೆಯದು ಮಾಡುವುದಕ್ಕೆ ಇಷ್ಟು ದುಡ್ಡು, ಇಷ್ಟು ಹೊತ್ತು ಬೇಕೇ?” ಎಂದಳು ಹೆಂಡತಿ. “ನನ್ನ ತಮ್ಮನ ಕೈಗೆ ಕೊಡಿ. ಒಂದು ವಾರದಲ್ಲಿ ಮಾಡಿಕೊಡುತ್ತಾನೆ. ಅವನ ಬೈಕು ನೋಡಿದ್ದೀರಲ್ಲ?”

ನೋಡಿದ್ದೇನೆ. ಅಂಥ ಸಹಜವಾದ ತುಕ್ಕನ್ನು ನಾನು ಇಂದಿಗೂ ಸಾಧಿಸಿಲ್ಲ.

ಅಷ್ಟರಲ್ಲಿ ಮಡಿಕೇರಿಗೆ ಹೋಗುವ ಸಂದರ್ಭ ಬಂತು. ತಿಮ್ಮಯ್ಯನವರು ಬಾಲ್ಯ ಕಳೆದ ‘ಸನ್ನಿ ಸೈಡ್’ ಈಗ ಅವರ ಹೆಸರಿನ ಸಂಗ್ರಹಾಲಯ. ಅಂಗಳದಲ್ಲಿ ನಿಜವಾದ ಟ್ಯಾಂಕು ನಿಲ್ಲಿಸಿದ್ದಾರೆ. ಕೊಳೆ, ಕಲೆಗಳನ್ನು ಕಣ್ಣಾರೆ ಕಂಡು ಟಿಪ್ಪಣಿ ಮಾಡಿಕೊಳ್ಳೋಣವೆಂದು ಪುಸ್ತಕ, ಪೆನ್ನು ಹಿಡಿದು ಹೋದರೆ ಅದು ಬಣ್ಣ ಬಳಿಸಿಕೊಂಡು ಮದುಮಗನ ಕಳೆಯಲ್ಲಿ ನಿಂತಿತ್ತು. ನಮ್ಮ ದೇಶದ ವೃತ್ತಗಳಲ್ಲಿ, ಉದ್ಯಾನಗಳಲ್ಲಿ ನಿಂತ ಟ್ಯಾಂಕುಗಳೆಲ್ಲ ಹೀಗೆಯೇ, ಯಾರಾದರೂ ಗಣ್ಯರು ಬರುವ ಹಿಂದಿನ ದಿನ ಒಂದು ಕೈ ಬಣ್ಣ ಕಾಣುತ್ತವೆ. ಜೊತೆಗೆ ಬಂದಿದ್ದ ಅಮ್ಮ ಅದನ್ನು ಸುತ್ತು ಹಾಕಿ ನೋಡಿ, “ನೋಡು, ಸರ್ಕಾರದವರು ಎಷ್ಟು ಚೊಕ್ಕವಾಗಿ ಇಟ್ಟುಕೊಂಡಿದ್ದಾರೆ,” ಎಂದರು. ಆ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಆಯುಧಪೂಜೆ ಬಂತು. ನಮ್ಮಲ್ಲಿ ಅಂದು ಕತ್ತರಿ, ಚಾಕು, ಈಳಿಗೆಮಣೆಯಿಂದ ಹಿಡಿದು ಸ್ಕೂಟರಿನವರೆಗೆ ತೊಳೆಸಿಕೊಳ್ಳದ ವಸ್ತುವಿಲ್ಲ. ನಾನು ಬಾಳೆಕಂದು, ಬೂದುಗುಂಬಳ ತರಲು ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಟ್ಯಾಂಕನ್ನು ಕೈಗೆತ್ತಿಕೊಂಡಿದ್ದರು. ಮನೆಯಲ್ಲಿರುವ ಒಂದೇ ಒಂದು ನಿಜವಾದ ಆಯುಧ ಮಣ್ಣು ಮೆತ್ತಿಕೊಂಡು ಕೂತಿರುವುದು ಅವರಿಗೆ ಸಹ್ಯವಾಗಿರಲಿಲ್ಲ. ಪಾತ್ರೆ ತೊಳೆಯುವ ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ಷು, ಬೆಚ್ಚಗಿನ ನೀರು. ಮೂರು ತಿಂಗಳ ಕೆಸರು, ಮಸಿ, ತುಕ್ಕು ಎಲ್ಲವೂ ಬಚ್ಚಲಿನ ಜಾಲರಿ ದಾಟಿ ಹೋಗಿದ್ದವು. ನಾನು ಬಂದಾಗ ಅದು ವಿಭೂತಿ, ಕುಂಕುಮ, ನೆತ್ತಿಗೊಂದು ಸೇವಂತಿಗೆ ಧರಿಸಿ, ಹೊಲಿಗೆಯಂತ್ರಕ್ಕೂ ಮಿಕ್ಸಿಗೂ ನಡುವೆ ವಿರಾಜಮಾನವಾಗಿತ್ತು. “ಈಗ ನೋಡು, ಎಷ್ಟು ಲಕ್ಷಣವಾಗಿದೆ!” ಎಂದರು ಅಮ್ಮ. ಹಬ್ಬದ ದಿನ ಮನೆಯಲ್ಲಿ ಜೋರಾಗಿ ಮಾತನಾಡಬಾರದು ಎಂಬ ಪದ್ಧತಿ ನಮ್ಮಲ್ಲಿದೆ, ಆ ವರ್ಷ ಅದನ್ನು ಕಷ್ಟಪಟ್ಟು ಪಾಲಿಸಿದೆ.

ಕೊಳೆ ಮತ್ತೆ ಮಾಡಬಹುದು. ಆದರೆ ಫಿರಂಗಿ ಹೊತ್ತು ಸುತ್ತ ತಿರುಗುವ ಟರೆಟ್ಟನ್ನು ಯಾರೂ ಅಂಟಿಸುವುದಿಲ್ಲ, ಸುಮ್ಮನೆ ಕೂರಿಸಿರುತ್ತಾರೆ. ಅಮ್ಮ ತೊಳೆಯುವಾಗ ಅದನ್ನು ಎತ್ತಿ ಹೂವಿನ ತಟ್ಟೆಯಲ್ಲಿ ಇಟ್ಟಿದ್ದರಂತೆ. ಸೇವಂತಿಗೆ ಇಟ್ಟದ್ದೇ ಅಲ್ಲಿ ಕಂಡ ಗುಂಡಿಯನ್ನು ಮುಚ್ಚಲು. ಹಬ್ಬ ಮುಗಿಯಿತು, ತಟ್ಟೆಯ ಬಾಡಿದ ಹೂವು ನಿರ್ಮಾಲ್ಯವಾಗಿ ಹಸಿ ಕಸದ ಬುಟ್ಟಿಗೆ ಹೋಯಿತು, ಕಸದ ಗಾಡಿ ಬಂತು, ಹೋಯಿತು. ಹಸಿ ಕಸದಲ್ಲಿ ಹಾಲಿನ ಕವರಿನ ಒಂದು ಮೂಲೆ ಕಂಡರೂ ಬುಟ್ಟಿ ವಾಪಸು ಕೊಡುವ ಆ ಗಾಡಿಯವರು ಅಂದು ತುಟಿ ಬಿಚ್ಚಲಿಲ್ಲ. ಪ್ಲಾಸ್ಟಿಕ್ ಎಂದು ಅನಿಸದಷ್ಟು ಸಹಜವಾಗಿತ್ತು ನನ್ನ ಬಣ್ಣ ಎಂದು ಆಮೇಲೆ ಒಂದಿಷ್ಟು ಹೆಮ್ಮೆಪಟ್ಟುಕೊಂಡೆ.

ಟರೆಟ್ ಇಲ್ಲದ ಟ್ಯಾಂಕನ್ನು ಏನು ಮಾಡುವುದು? ಇಲ್ಲಿ ಕೈ ಹಿಡಿದವರು ಮತ್ತೆ ತಿಮ್ಮಯ್ಯನವರೇ. ಜೊಜಿಲಾದ ಗುಟ್ಟು ಬಯಲಾಗಬಾರದೆಂದು, ದಾರಿಯ ದುರ್ಬಲ ಸೇತುವೆಗಳ ಮೇಲೆ ಭಾರವೂ ಕಡಿಮೆಯಾಗಲೆಂದು, ಸ್ಟುವರ್ಟ್ ಟ್ಯಾಂಕುಗಳ ಟರೆಟ್‌ಗಳನ್ನು ಬಿಚ್ಚಿ, ಟಾರ್ಪಾಲು ಹೊದಿಸಿ, ಜಮ್ಮುವಿನಿಂದ ಸಾಗಿಸಿದ್ದರು. ಮುಂದೆ ಹೋಗಿ ಮತ್ತೆ ಜೋಡಿಸಿದರು. ಅಂದರೆ ನನ್ನ ಟ್ಯಾಂಕಿಗೆ ಏನೂ ಆಗಿಲ್ಲ, ಅದು ಇನ್ನೂ ದಾರಿಯಲ್ಲಿದೆ. ಅಕ್ಟೋಬರಿನ ರಸ್ತೆಯಾದ್ದರಿಂದ ಹಿಮಕ್ಕೆಂದು ತಂದಿಟ್ಟಿದ್ದ ರಂಗೋಲಿ ಪುಡಿಯನ್ನೂ ಅಮ್ಮನಿಗೆ ಹಿಂದಿರುಗಿಸಿದೆ. ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ನೆನೆಸಿ, ಟ್ಯಾಂಕಿನ ಮೇಲೆ ಹೊದಿಸಿ, ಚಿಮಟದಿಂದ ಒಂದೊಂದೇ ಮಡಿಕೆ ಕೂರಿಸಿ, ಒಣಗಿದ ಮೇಲೆ ಮಾಸಲು ಹಸಿರು ಬಳಿದೆ. ಹತ್ತಿಯ ದಾರದ ಹಗ್ಗ ಬಿಗಿದೆ. ಇಡೀ ಕೆಲಸದಲ್ಲಿ ಒಂದು ಅವಘಡವೂ ಇಲ್ಲ. ನನ್ನ ಕೈಯಿಂದ ಬಂದವುಗಳಲ್ಲಿ ಅತ್ಯುತ್ತಮವಾದದ್ದು ಆ ಟಾರ್ಪಾಲೇ.

ಗಾಜಿನ ಕಪಾಟಿನಲ್ಲಿ ಇಟ್ಟು ಹೆಂಡತಿಯನ್ನು ಕರೆದು ತೋರಿಸಿದೆ, ಇತಿಹಾಸವನ್ನೂ ಹೇಳಿದೆ. ಅವಳು ಬಗ್ಗಿ ನೋಡಿದಳು.

“ಒಳಗೆ ಏನಿದೆ ಎಂದು ಯಾರಿಗೂ ಗೊತ್ತಾಗಬಾರದು, ಅಲ್ಲವೇ?”

“ಅದೇ ಉದ್ದೇಶ.”

“ಹಾಗಿದ್ದರೆ ಒಂದು ಬಟ್ಟೆ ಸೋಪಿನ ಬಾರ್ ಇಟ್ಟು ಹೊದಿಸಿದ್ದರೆ ಆಗುತ್ತಿತ್ತಲ್ಲ.”

“ಸೋಪಿಗೆ ಒಂದು ಮಗ್ಗುಲಿಗೆ ನಾಲ್ಕು ಚಕ್ರ ಇರುತ್ತವೆಯೇ?” ಎಂದು ಟಾರ್ಪಾಲಿನ ಅಂಚನ್ನು ತೋರಿಸಿದೆ.

ಅವಳು ಇನ್ನಷ್ಟು ಬಗ್ಗಿ ಎಣಿಸಿದಳು. “ಕಾಣುವುದು ಎರಡೇ,” ಎಂದಳು.