ಏಳು ಏರ್‌ಬ್ಯಾಗು, ನಾಲ್ಕು ನಿಂಬೆಹಣ್ಣು

ಅರ್ಧ ಕೋಟಿ ಸುರಿದು ಕಾರು ತರುವ ಮನೆಗಳಲ್ಲಿ ಈಗ ಜಾತಕ ಕೂಡಿಸುವ ಜೋಯಿಸರ ಹೆಸರು ಯುರೋ ಎನ್‌ಕ್ಯಾಪ್, ಅಂದರೆ ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಹಂಚುವ ಯುರೋಪಿನ ಸಂಸ್ಥೆ. ವೋಲ್ವೋ ಎಕ್ಸ್‌ಸಿ40, ಆಡಿ ಕ್ಯೂ3 ಎರಡೂ 2018ರಲ್ಲೇ ಅಲ್ಲಿ ಐದು ಸ್ಟಾರ್ ಗಿಟ್ಟಿಸಿದ ವರಗಳು. ದೊಡ್ಡವರ ರಕ್ಷಣೆಯಲ್ಲಿ ವೋಲ್ವೋಗೆ ಶೇ. 97, ಆಡಿಗೆ 95. ಈ ಎರಡು ಪರ್ಸೆಂಟಿಗಾಗಿ ಭಾವ ಭಾವಮೈದುನರ ನಡುವೆ ಮೂರು ಭಾನುವಾರದ ಬಾಡೂಟ ಹಾಳಾಗುತ್ತದೆ. ಪಾದಚಾರಿಗಳ ರಕ್ಷಣೆಯಲ್ಲಿ ಆಡಿಗೆ 76, ವೋಲ್ವೋಗೆ 71. ಆ ಐದು ಪರ್ಸೆಂಟಿನ ಮಾತನ್ನು ಯಾರೂ ಎತ್ತುವುದಿಲ್ಲ. ಪಾದಚಾರಿ ಇಎಂಐ ಕಟ್ಟುವುದಿಲ್ಲವಲ್ಲ.

ಅಂಕ ಬಂದದ್ದು ಯುರೋಪಿನಲ್ಲಿ ಮಾರುವ ಕಾರಿಗೆ, ಇಲ್ಲಿನ ವೇರಿಯೆಂಟಿನಲ್ಲಿ ಯಾವ ಸೆನ್ಸರ್ ಇದೆ, ಯಾವುದು ಹಡಗು ಹತ್ತಲೇ ಇಲ್ಲ ಎಂದು ಬ್ರೋಷರಿನ ಕೊನೆಯ ಪುಟದ ಇರುವೆ ಅಕ್ಷರದಲ್ಲಿ ಹುಡುಕಬೇಕು. ಹುಡುಕುವವರು ಕಡಿಮೆ. ಇರಲಿ, ಕಾರು ಬಂತು ಅಂತಿಟ್ಟುಕೊಳ್ಳಿ. ಆ ತೊಂಬತ್ತೇಳನ್ನು ಒಂದೇ ವಾರದಲ್ಲಿ ನೆಲಕ್ಕಿಳಿಸುವ ಕಲೆ ನಮ್ಮವರಿಗೆ ಚೆನ್ನಾಗಿ ಸಿದ್ಧಿಸಿದೆ.

ಮೊದಲನೆಯದು ಪೂಜೆ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಅದರಲ್ಲಿ ತಪ್ಪೇನಿಲ್ಲ, ಟೈರಿಗೆ ನಿಂಬೆರಸದಿಂದ ಹಾನಿಯೂ ಇಲ್ಲ. ಎಡವಟ್ಟು ಶುರುವಾಗುವುದು ಮೇಲೆ. ಎದುರಿನ ವಾಹನ ಅಳೆಯುವ ರೇಡಾರ್ ಹಲವು ಕಾರುಗಳಲ್ಲಿ ಕೂತಿರುವುದೇ ಗ್ರಿಲ್ಲಿನ ಲಾಂಛನದ ಹಿಂದೆ. ಅರ್ಚಕರು ಅರಿಸಿನ ಕುಂಕುಮ ಮೆತ್ತುವುದೂ ಕರೆಕ್ಟಾಗಿ ಅಲ್ಲೇ. ಆಯುಧಪೂಜೆ ಬಂದರೆ ಇಕ್ಕೆಲಕ್ಕೆ ಬಾಳೆಕಂದು ಬೇರೆ. ಬಾಳೆಕಂದಿನ ತುಂಬ ನೀರು, ರೇಡಾರ್ ಅಲೆಗೆ ನೀರೆಂದರೆ ಗೋಡೆ. ಪರದೆಯ ಮೇಲೆ ಸೆನ್ಸರ್ ಮುಚ್ಚಿಹೋಗಿದೆ ಎಂಬ ಸಂದೇಶ ಬರುತ್ತದೆ. ಮಾಲೀಕರು ‘ಓಕೆ’ ಒತ್ತಿ, ಕಾಯಿ ಒಡೆದು, ಹೊರಡುತ್ತಾರೆ.

ಆಮೇಲೆ ಡ್ಯಾಶ್‌ಬೋರ್ಡಿನ ಗಣಪ. ಎಡಗಡೆ, ಚಪ್ಪಟೆ ಜಾಗ ನೋಡಿ, ಎರಡೂ ಬದಿ ಅಂಟುವ ಟೇಪ್ ಹಾಕಿ ಕೂರಿಸುತ್ತಾರೆ. ಆ ಚಪ್ಪಟೆ ಜಾಗವೇ ಪಕ್ಕದ ಸೀಟಿನವರ ಏರ್‌ಬ್ಯಾಗಿನ ಮುಚ್ಚಳ. ಡಿಕ್ಕಿಯಾದರೆ ಅದು ಬಿಚ್ಚಿಕೊಳ್ಳಲು ಸುಮಾರು 30 ಮಿಲಿಸೆಕೆಂಡು ಸಾಕು, ರೆಪ್ಪೆ ಬಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮುಚ್ಚಳದ ಮೇಲಿದ್ದ ವಿಘ್ನೇಶ್ವರ ಅಷ್ಟೇ ವೇಗದಲ್ಲಿ ಭಕ್ತರ ಹಣೆಗೆ ನೇರ ದರ್ಶನ ಕೊಡುತ್ತಾನೆ. ಅವನನ್ನು ಗೇರಿನ ಹಿಂದಿನ ಕಪ್ ಹೋಲ್ಡರಿನಲ್ಲಿ ಕೂರಿಸಿದ್ದರೆ ಇಬ್ಬರಿಗೂ ಕ್ಷೇಮವಿತ್ತು.

ಮೂರನೆಯ ದಿನ ಸೀಟ್ ಕವರ್. ಮುಂದಿನ ಸೀಟಿನ ಹೊರಗಡೆಯ ಉಬ್ಬಿನಲ್ಲಿ, ಬಾಗಿಲ ಕಡೆಗೆ, ಬೆರಳುದ್ದದ ‘ಏರ್‌ಬ್ಯಾಗ್’ ಚೀಟಿ ಹೊಲಿದಿರುತ್ತದೆ. ಅದರ ಪಕ್ಕದ ಹೊಲಿಗೆಯ ದಾರವನ್ನು ಕಂಪನಿಯವರು ಬೇಕೆಂದೇ ಬಡಕಲು ಹಾಕಿರುತ್ತಾರೆ. ಬ್ಯಾಗು ಉಬ್ಬಿದಾಗ ಅಲ್ಲೇ ಹರಿದು, ಪಕ್ಕೆಲುಬಿಗೂ ಬಾಗಿಲಿಗೂ ನಡುವೆ ತೂರಿಕೊಳ್ಳಲಿ ಎಂದು. ನಮ್ಮ ಅಂಗಡಿಯವನು ಕೈ ಬಿಗಿಯಾದ ಕುಶಲಕರ್ಮಿ. ಅದರ ಮೇಲೆ ದಪ್ಪ ರೆಕ್ಸಿನ್ ಹೊದಿಸಿ, ಜೋಡಿ ನೈಲಾನ್ ದಾರದಲ್ಲಿ ಹೊಲಿದು, ‘ಇನ್ನು ಹತ್ತು ವರ್ಷ ಹರಿಯಲ್ಲ ಸಾರ್’ ಎಂದು ಗ್ಯಾರಂಟಿ ಕೊಡುತ್ತಾನೆ. ಆ ಮಾತಿಗೆ ಅವನು ತಪ್ಪುವುದಿಲ್ಲ.

ಬಂಪರಿನ ಮುಂದೆ ಬಿಗಿಸುವ ಲೋಹದ ಕಂಬಿ, ಅದೇ ಬುಲ್ ಗಾರ್ಡ್, ಅದರ ಬಗ್ಗೆ ಹೆಚ್ಚು ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದು ಕಾನೂನುಬಾಹಿರ ಎಂದು ಎಲ್ಲ ರಾಜ್ಯಗಳಿಗೆ ಬರೆದಿದೆ. ಬಂಪರಿನ ಹಿಂದೆ ಮೆತ್ತಗೆ ಮುದುಡಬೇಕಾದ ಭಾಗಕ್ಕೆ ಏಟು ತಲುಪದೆ, ನೇರ ಚಾಸಿಗೆ ಹೋಗುತ್ತದೆ. ಸೆನ್ಸರಿನ ಲೆಕ್ಕ ತಪ್ಪುತ್ತದೆ. ಆದರೆ ಫೋಟೋದಲ್ಲಿ ಗತ್ತಾಗಿ ಕಾಣುತ್ತದೆ ಎಂಬುದನ್ನೂ ಒಪ್ಪಬೇಕು.

ಈಗ ಬೆಲ್ಟು. ಮೂರು ಕಡೆ ಹಿಡಿಯುವ ಈ ಪಟ್ಟಿಯನ್ನು 1959ರಲ್ಲಿ ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಪೇಟೆಂಟನ್ನು ಕಂಪನಿ ಬೇರೆಯವರಿಗೂ ಮುಕ್ತವಾಗಿ ಬಿಟ್ಟಿತು. ಅದಕ್ಕೆ ಉತ್ತರವಾಗಿ ನಾವು ರೂಪಿಸಿದ್ದು ಬೆಲ್ಟಿಲ್ಲದ ನಾಲಿಗೆ: ಬಕಲ್ಲಿಗೆ ಚುಚ್ಚಿದರೆ ಟಿಣ್ ಟಿಣ್ ಅಲಾರಂ ಬಾಯಿ ಮುಚ್ಚುವ ಲೋಹದ ತುಂಡು, ಮೇಲೆ ಕಾರಿನದೇ ಲಾಂಛನ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಆದೇಶದ ಮೇರೆಗೆ ಐದು ಆನ್‌ಲೈನ್ ಅಂಗಡಿಗಳು ಇಂಥ ತಗಡಿನ 13,118 ಮಾರಾಟದ ನಮೂದುಗಳನ್ನು ಕಿತ್ತುಹಾಕಿದವು. ಒಂದು ತಗಡಿಗೆ ಹದಿಮೂರು ಸಾವಿರ ಬಗೆ! ದೋಸೆಗೂ ಅಷ್ಟು ಬಗೆ ಇಲ್ಲ.

ತಗಡು ಒಳಗೆ ಹೋದೊಡನೆ ಏನಾಗುತ್ತದೆ? ಬಕಲ್ಲಿನೊಳಗಿನ ಸ್ವಿಚ್ಚು ‘ಸಾಹೇಬರು ಬೆಲ್ಟು ಹಾಕಿದ್ದಾರೆ’ ಎಂದು ಕಂಪ್ಯೂಟರಿಗೆ ಸುಳ್ಳು ವರದಿ ಕೊಡುತ್ತದೆ. ಬಡಪಾಯಿ ಅದನ್ನು ನಂಬಿ, ಬೆಲ್ಟು ತಡೆದು ಹಿಡಿದ ದೇಹಕ್ಕೆ ತಕ್ಕಂತೆ ಏರ್‌ಬ್ಯಾಗಿನ ಲೆಕ್ಕ ಹಾಕುತ್ತದೆ. ದೇಹವೋ ಅಷ್ಟರಲ್ಲಿ ಸ್ಟಿಯರಿಂಗಿಗೆ ಹತ್ತಿರವಾಗಿ ಹೋಗಿರುತ್ತದೆ. ಎದೆಗೂ ಸ್ಟಿಯರಿಂಗಿಗೂ ಕನಿಷ್ಠ 25 ಸೆಂ.ಮೀ. ಇರಬೇಕೆನ್ನುವುದು ಏರ್‌ಬ್ಯಾಗು ಉಬ್ಬುವುದಕ್ಕೆ ಜಾಗ ಬೇಕೆಂದೇ. ತಗಡು ಕೊಳ್ಳಲು ಜಿಪುಣತನ ಅಡ್ಡ ಬಂದವರಿಗೆ ಇನ್ನೊಂದು ದಾರಿಯಿದೆ: ಬೆಲ್ಟು ಸಿಕ್ಕಿಸಿ, ಅದರ ಮೇಲೆಯೇ ಕೂರುವುದು. 2022ರಲ್ಲಿ ಬೆಲ್ಟು ಧರಿಸದೆ ದೇಶದಲ್ಲಿ ಸತ್ತವರು 16,715 ಮಂದಿ, ಅವರಲ್ಲಿ ಸರಿಸುಮಾರು ಅರ್ಧದಷ್ಟು ಪ್ರಯಾಣಿಕರು.

ಪ್ರಯಾಣಿಕರೆಂದರೆ ಹಿಂದಿನ ಸೀಟಿಗೆ ಬರಲೇಬೇಕು. ಹಿಂದಿನವರೂ ಬೆಲ್ಟು ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138(3) ಹೇಳುತ್ತದೆ, ಕಾಯ್ದೆಯ 194ಬಿ ಕಲಮಿನಲ್ಲಿ ಸಾವಿರ ರೂಪಾಯಿ ದಂಡವೂ ಇದೆ. ಆದರೆ ಹಿಂದಿನ ಸೀಟಿನಲ್ಲಿ ಅಪಘಾತ ಆಗುವುದಿಲ್ಲ ಎಂಬುದು ನಮ್ಮ ಕುಲದ ನಂಬಿಕೆ. ಬಕಲ್ಲುಗಳು ಕುಶನ್ನಿನ ಕೆಳಗೆ, ಕಡಲೆಕಾಯಿ ಸಿಪ್ಪೆಯ ಜತೆ ಅಜ್ಞಾತವಾಸದಲ್ಲಿರುತ್ತವೆ.

ಮಕ್ಕಳ ರಕ್ಷಣೆಯಲ್ಲಿ ಈ ಕಾರುಗಳಿಗೆ ಬಂದದ್ದು 87 ಮತ್ತು 86. ಆ ಅಂಕ ಚೈಲ್ಡ್ ಸೀಟಿನಲ್ಲಿ ಬಿಗಿದು ಕೂರಿಸಿದ ಗೊಂಬೆಗೆ ಸಿಕ್ಕಿದ್ದು. ನಮ್ಮ ಗೊಂಬೆ ಮುಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ, ಇಲ್ಲವೇ ಸನ್‌ರೂಫಿನಿಂದ ಅರ್ಧ ಮೈ ಹೊರಗೆ. ‘ಗಟ್ಟಿಯಾಗಿ ಹಿಡ್ಕೊಂಡಿದೀನಿ ಬಿಡಿ’ ಎನ್ನುವವರಿಗೆ ಸಣ್ಣ ಲೆಕ್ಕ: ಗಂಟೆಗೆ 50 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿ, ಮೂತಿ 60 ಸೆಂ.ಮೀ. ಮುದುಡಿ ಕಾರು ನಿಂತರೆ ಆ ಎಳೆತ ಭೂಮಿಯ ಎಳೆತದ ಹದಿನಾರು ಪಟ್ಟು. ಹತ್ತು ಕೆಜಿ ಕೂಸು ಆ ಕ್ಷಣಕ್ಕೆ 160 ಕೆಜಿ, ಅಂದರೆ ಐವತ್ತು ಕೆಜಿಯ ಮೂರು ಅಕ್ಕಿ ಮೂಟೆಗಿಂತ ಭಾರ. ಮೂರು ಮೂಟೆ ಹಿಡಿದುಕೊಳ್ಳುವ ತೋಳುಗಳನ್ನು ದಸರಾ ಕುಸ್ತಿ ಕಣದಲ್ಲೂ ಹುಡುಕಬೇಕು.

ಉಳಿದದ್ದು ಎಡಾಸ್, ತಾನೇ ನೋಡಿ ತಾನೇ ಬ್ರೇಕು ಹಾಕುವ ಬುದ್ಧಿ. ವೋಲ್ವೋದ ವ್ಯವಸ್ಥೆ ದೊಡ್ಡ ಪ್ರಾಣಿಗಳನ್ನೂ ಗುರುತಿಸುತ್ತದೆ. ಸ್ವೀಡನ್ನಿನ ಮೂಸ್ ಎಂಬ ದೈತ್ಯ ಜಿಂಕೆಗಳನ್ನು ನೋಡಿ ಕಲಿತ ವಿದ್ಯೆ. ಆಸ್ಟ್ರೇಲಿಯಾಕ್ಕೆ ಹೋದಾಗ ಕಾಂಗರೂ ನೆಗೆದು ಗಾಳಿಯಲ್ಲಿದ್ದರೆ ದೂರವಿದ್ದಂತೆಯೂ, ನೆಲಕ್ಕಿಳಿದರೆ ಹತ್ತಿರವಿದ್ದಂತೆಯೂ ಕಂಡು ತಬ್ಬಿಬ್ಬಾಯಿತೆಂದು 2017ರಲ್ಲಿ ಕಂಪನಿಯೇ ಒಪ್ಪಿಕೊಂಡಿತ್ತು. ಡಿವೈಡರ್ ಪಕ್ಕ ಮಲಗಿ ಮೆಲುಕು ಹಾಕುವ ನಮ್ಮ ಬಸವ ನೆಗೆಯುವುದೂ ಇಲ್ಲ, ಏಳುವುದೂ ಇಲ್ಲ. ಮುಂದಿನ ಕಾರಿಗೂ ತನಗೂ ಯಂತ್ರ ಬಿಟ್ಟ ಅಂತರದಲ್ಲಿ ಒಂದು ಆಟೋ, ಎರಡು ಸ್ಕೂಟರು, ಒಂದು ಹೂವಿನ ಗಾಡಿ ಸೇರಿಕೊಳ್ಳುತ್ತವೆ. ಅದು ಬ್ರೇಕು ಹಾಕುತ್ತದೆ, ಹಿಂದಿನ ಟೆಂಪೋದವನು ಹಾಕುವುದಿಲ್ಲ. ಎರಡನೇ ವಾರಕ್ಕೆ ಸಾಹೇಬರು ಮೆನುಗೆ ಹೋಗಿ ಎಲ್ಲವನ್ನೂ ಆಫ್ ಮಾಡುತ್ತಾರೆ.

ಮಧ್ಯೆ ಒಮ್ಮೆ ಕಲ್ಲು ಬಿದ್ದು ಮುಂದಿನ ಗಾಜು ಬದಲಾಗುತ್ತದೆ. ಕ್ಯಾಮೆರಾ ಕೂರುವುದು ಗಾಜಿನ ಹಿಂದೆ, ಕನ್ನಡಿಯ ಬುಡದಲ್ಲಿ. ಗಾಜು ಬದಲಿಸಿದರೆ ಅದನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಲೇಬೇಕು. ಕೆಲವಕ್ಕೆ ವರ್ಕ್‌ಶಾಪಿನಲ್ಲಿ ಗುರಿಹಲಗೆ ನಿಲ್ಲಿಸಿದರೆ ಸಾಕು. ಕೆಲವಕ್ಕೆ ಎರಡೂ ಬದಿ ಬಿಳಿಗೆರೆ ಸ್ಪಷ್ಟವಾಗಿರುವ ರಸ್ತೆಯಲ್ಲಿ, ವೇಗ ಬದಲಿಸದೆ, ಒಂದಷ್ಟು ದೂರ ಓಡಿಸಬೇಕು. ಟೆಕ್ನೀಷಿಯನ್ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಂಥ ರಸ್ತೆ ಹುಡುಕುತ್ತ ಬೆಂಗಳೂರಿನಿಂದ ಹೊರಡುತ್ತಾನೆ.

ಐದು ವರ್ಷದ ಮೇಲೆ ಕಾರು ಮಾರಾಟಕ್ಕೆ ಬರುತ್ತದೆ. ಜಾಹೀರಾತು ಹೀಗಿರುತ್ತದೆ: ‘ಒಂದೇ ಕೈ, ಡಾಕ್ಟರ್ ಓಡಿಸಿದ್ದು. ಐದು ಸ್ಟಾರ್. ಹಿಂದಿನ ಮೂರೂ ಬೆಲ್ಟು, ಚೈಲ್ಡ್ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಯ ಪ್ಲಾಸ್ಟಿಕ್ ಮುಚ್ಚಳ ಷೋರೂಂ ಕಂಡೀಷನ್ನಿನಲ್ಲಿವೆ, ಒಮ್ಮೆಯೂ ಬಳಸಿಲ್ಲ.’